ಎಲೆ ತೂತಾದರೆ ತೋಟ ಗೆದ್ದಂತೆ

ಚಿಟ್ಟೆ ಬರಲಿ, ಹಕ್ಕಿ ಬರಲಿ ಎಂದು ಅಂಗಳದ ತುಂಬ ಹೂಗಿಡ ನೆಟ್ಟವರದ್ದು ಒಂದೇ ದೂರು: ಬರುತ್ತವೆ, ಹೋಗುತ್ತವೆ, ನಿಲ್ಲುವುದಿಲ್ಲ. ನಿಲ್ಲುವುದಾದರೂ ಯಾಕೆ? ಹೂವು ಚಿಟ್ಟೆಗೆ ಹೋಟೆಲಿದ್ದಂತೆ, ಕುಡಿದು ಎದ್ದು ಹೋಗುವ ಜಾಗ. ಸಂಸಾರ ಹೂಡಲು ಅದಕ್ಕೆ ಎಲೆ ಬೇಕು, ಅದೂ ತನ್ನ ಮರಿಹುಳು ತಿನ್ನಬಲ್ಲ ಎಲೆಯೇ ಬೇಕು. ಹಕ್ಕಿಗಳ ಲೆಕ್ಕವೂ ಇಲ್ಲಿಗೇ ಬಂದು ಸೇರುತ್ತದೆ. ಮಕರಂದ ಹೀರುವ ಸೂರಕ್ಕಿ ಕೂಡ ಮರಿಗಳ ಬಾಯಿಗೆ ಇಡುವುದು ಹುಳು, ಜೇಡಗಳನ್ನೇ. ಹುಳು ಇಲ್ಲದ ತೋಟದಲ್ಲಿ ಗೂಡು ಕಟ್ಟುವ ಹಕ್ಕಿ ಕಡಿಮೆ.

ಹಾಗಾಗಿ ಈ ತೋಟವನ್ನು ಎಲೆಯಿಂದ ಶುರು ಮಾಡಬೇಕು. ಕೆಳಗೆ ನೆಡಲು ಹೆಸರಿಸಿರುವುದೆಲ್ಲ ದಕ್ಷಿಣ ಭಾರತದ ಬಯಲಿನಲ್ಲೂ ಮಲೆನಾಡಿನ ಅಂಚಿನಲ್ಲೂ ತಾವಾಗಿ ಬೆಳೆಯುವ ಗಿಡಗಳು.

ಗುದ್ದಲಿ ಹಿಡಿಯುವ ಮುನ್ನ

ಒಂದು ವಾರ ಏನೂ ನೆಡಬೇಡಿ. ಅಂಗಳದ ಯಾವ ಮೂಲೆಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ಗಾಳಿಯ ಹೊಡೆತ ಕಡಿಮೆ ಇರುವ ಜಾಗ ಚಿಟ್ಟೆಗೆ. ನೆರಳಿನ ಮೂಲೆ ಕಪ್ಪೆಗೆ, ಓತಿಕ್ಯಾತಕ್ಕೆ.

ಕಳೆ ಕೀಳುವ ಅವಸರವೂ ಬೇಡ. ತಾನಾಗಿ ಎದ್ದ ತುಂಬೆ, ಗರಿಕೆ ಪುಕ್ಕಟೆ ಸಿಕ್ಕ ಆಸ್ತಿ. ತೆಗೆಯಲೇಬೇಕಾದವು ಮೂರು: ಲಂಟಾನ, ಪಾರ್ಥೇನಿಯಂ, ನೆಲದ ಮೇಲೆ ಹಬ್ಬಿ ಹಳದಿ ಹೂ ಬಿಡುವ ಸಿಂಗಾಪುರ ಡೈಸಿ. ಲಂಟಾನದ ಹೂವಿಗೆ ಚಿಟ್ಟೆ ಮುತ್ತುವುದು ನಿಜ. ಆದರೆ ಅದರ ಹಣ್ಣು ತಿಂದ ಪಿಕಳಾರ ಬೀಜವನ್ನು ಊರಾಚೆಯ ಕುರುಚಲಿಗೂ ಒಯ್ಯುತ್ತದೆ. ಪಾರ್ಥೇನಿಯಂ ಅನ್ನು ಹೂ ಬಿಡುವ ಮುಂಚೆ, ಕೈಗೆ ಗ್ಲೌಸ್ ಹಾಕಿಕೊಂಡು ಬೇರುಸಹಿತ ಕೀಳಬೇಕು. ಮುಟ್ಟಿದರೆ ಹಲವರಿಗೆ ತುರಿಕೆ ಏಳುತ್ತದೆ. ಡೈಸಿಯ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಕಿತ್ತಿದ್ದನ್ನು ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲೇ ಚಿಗುರುತ್ತದೆ, ಸಿಮೆಂಟು ನೆಲದ ಮೇಲೆ ಹರಡಿ ಪೂರ್ತಿ ಗರಿಗರಿ ಒಣಗಿಸಿ.

ಯಾರಿಗೆ ಯಾವ ಎಲೆ

ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಜಾಗವಿದೆ ಎಂದಿಟ್ಟುಕೊಳ್ಳಿ. ಹದಿನೈದು ಪೊದೆಗಿಡ ಸಲೀಸಾಗಿ ಹಿಡಿಯುತ್ತವೆ.

ಮೊದಲಿಗೆ ಮೂರು ಕರಿಬೇವು. ಕಾಮನ್ ಮಾರ್ಮನ್ ಮತ್ತು ನಿಂಬೆ ಚಿಟ್ಟೆ ಎರಡೂ ಇದರ ಎಳೆ ಎಲೆ ಮೇಲೆ ಒಂದೊಂದೇ ಮೊಟ್ಟೆ ಇಡುತ್ತವೆ. ಒಂದೇ ಗಿಡ ನೆಟ್ಟರೆ ಐದಾರು ಹುಳು ಸೇರಿ ಕಡ್ಡಿ ಉಳಿಸುತ್ತವೆ, ಆಮೇಲೆ ಹಸಿದು ಸಾಯುತ್ತವೆ. ಮೂರಿದ್ದರೆ ಒಂದು ಚೇತರಿಸಿಕೊಳ್ಳುವಾಗ ಇನ್ನೊಂದು ಊಟ ಹಾಕುತ್ತದೆ. ಜಾಗ ಹೆಚ್ಚಿದ್ದರೆ ಬಿಲ್ವವೂ ಇದೇ ಕೆಲಸಕ್ಕೆ ಆದೀತು.

ಒಂದು ಎಕ್ಕ ಸಾಕು. ಇದು ಪ್ಲೇನ್ ಟೈಗರ್ ಚಿಟ್ಟೆಯ ತವರು. ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಓಡಾಡುವ ದಾರಿಯಿಂದ ದೂರ ನೆಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಬೇಲಿಗೆ ಎರಡು ಈಶ್ವರಿ ಬಳ್ಳಿ ಹಬ್ಬಿಸಿ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳಿಗೆ ಇದು ಬೇಕೇ ಬೇಕು. ಪಶ್ಚಿಮಘಟ್ಟದ ಸೆರಗಿನಲ್ಲಿದ್ದರೆ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಬಂದೀತು. ಎಲೆಯ ವಿಷವನ್ನು ಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ರೋಸ್ ಚಿಟ್ಟೆ ಹಕ್ಕಿಗೆ ರುಚಿಸುವುದಿಲ್ಲ. ವಿಷವಿಲ್ಲದ ಕಾಮನ್ ಮಾರ್ಮನ್‌ನ ಹೆಣ್ಣುಗಳಲ್ಲಿ ಕೆಲವು ಈ ರೋಸ್‌ಗಳದ್ದೇ ವೇಷ ತೊಟ್ಟು ಬದುಕಿಕೊಳ್ಳುತ್ತವೆ. ಕರಿಬೇವು, ಈಶ್ವರಿ ಬಳ್ಳಿ ಪಕ್ಕಪಕ್ಕ ಇದ್ದರೆ ಅಸಲಿ, ನಕಲಿ ಎರಡನ್ನೂ ಒಂದೇ ಅಂಗಳದಲ್ಲಿ ನೋಡಬಹುದು. ಬಳ್ಳಿ ಮನುಷ್ಯರಿಗೂ ವಿಷ, ಮೂತ್ರಪಿಂಡಕ್ಕೆ ಹಾನಿ. ಮನೆಮದ್ದಿನ ಮಾತು ಕೇಳಿ ಬಾಯಿಗೆ ಹಾಕಬೇಡಿ.

ಇಲ್ಲೊಂದು ಮೋಸವಿದೆ. ಈಶ್ವರಿ ಬಳ್ಳಿ ಕೇಳಿದರೆ ಅದರದೇ ದಾಯಾದಿ, ಕಂದುಬಿಳಿ ಚುಕ್ಕೆಯ ದೊಡ್ಡ ಹೂ ಬಿಡುವ ದಕ್ಷಿಣ ಅಮೆರಿಕದ ಅಲಂಕಾರಿಕ ಬಳ್ಳಿ ಕೈಗೆ ಬರಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ತನ್ನ ಬಳ್ಳಿಯೆಂದೇ ತಿಳಿದು ಇದರ ಮೇಲೆ ಮೊಟ್ಟೆ ಇಡುತ್ತದೆ, ಮರಿಗಳು ತಿಂದು ಸಾಯುತ್ತವೆ. ಹೂ ನೋಡಿಯೇ ತನ್ನಿ: ನಮ್ಮ ಬಳ್ಳಿಯದ್ದು ಸಣ್ಣ, ಕೊಳವೆಯಂಥ ಹೂವು.

ಉಳಿದ ಜಾಗಕ್ಕೆ ಮೂರು ಮುಳ್ಳುಗೋರಂಟೆ (ಲೆಮನ್ ಪ್ಯಾನ್ಸಿ ಚಿಟ್ಟೆಯ ಮರಿಗೆ ಎಲೆ, ಜೇನಿಗೆ ಹೂವು), ಎರಡು ಕೇಪಳ, ಒಂದು ಆಡುಸೋಗೆ, ಒಂದು ತಂಗಡಿ. ಅಂಚಿಗೆ ತುಳಸಿ. ತುಳಸಿಯ ಕದಿರನ್ನು ಚಿವುಟದೆ ಬಿಟ್ಟರೆ ಬೆಳಗಿನ ಹೊತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟಿ ಇರುವ ದುಂಡನೆಯ ಒಂಟಿ ಜೇನೊಂದು (ಗುಂಪು ಕಟ್ಟದೆ ಒಂಟಿಯಾಗಿ ಗೂಡು ಮಾಡುವ ಜೇನು) ಅಲ್ಲೇ ಸುಳಿದಾಡುವುದು ಕಾಣುತ್ತದೆ. ಬೇಲಿ ಬೇಕಿದ್ದರೆ ಕವಳೆ ಎರಡೆರಡು ಅಡಿಗೊಂದು. ಅದರ ಮುಳ್ಳಿನೊಳಗೆ ಬೆಕ್ಕು ನುಗ್ಗುವುದಿಲ್ಲ, ಹಾಗಾಗಿ ಸಣ್ಣ ಹಕ್ಕಿಗಳು ಗೂಡಿಗೆ ಇಷ್ಟಪಡುತ್ತವೆ.

ಮರ ಒಂದೇ ಸಾಕು, ಅದೂ ಗೋಡೆಯಿಂದ ಕನಿಷ್ಠ ಹನ್ನೆರಡು ಅಡಿ ಬಿಟ್ಟು. ಹೊಂಗೆ ಅಥವಾ ಕಕ್ಕೆ ಒಳ್ಳೆಯ ಆಯ್ಕೆ. ಅತ್ತಿಮರದಷ್ಟು ಹಕ್ಕಿ ಕರೆಯುವ ಮರಗಳು ಕಡಿಮೆ, ಆದರೆ ಅದು ಮನೆಯ ಪಾಯಕ್ಕೆ ಹತ್ತಿರ ಇರಬೇಕಾದ ಮರವಲ್ಲ.

ನೆಡುವುದು

ಮುಂಗಾರು ಎರಡು ಹದ ಬಿದ್ದ ಮೇಲೆ ನೆಡಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಜೇಡಿಮಣ್ಣಾದರೆ ಗುಂಡಿಯ ಗೋಡೆಯನ್ನು ಗುದ್ದಲಿ ಮೊನೆಯಿಂದ ಗೀರಿ ಒರಟು ಮಾಡಿ. ನುಣುಪಾಗಿ ಬಿಟ್ಟರೆ ನೀರು ಮಡಕೆಯಲ್ಲಿ ನಿಂತಂತೆ ನಿಂತು ಬೇರು ಕೊಳೆಯುತ್ತದೆ. ತೆಗೆದ ಮಣ್ಣನ್ನೇ ತುಂಬಿ, ಜತೆಗೆ ಎರಡು ಬೊಗಸೆ ಹಳೆಯ ಕೊಟ್ಟಿಗೆ ಗೊಬ್ಬರ, ಅಷ್ಟೇ. ನಾಡಗಿಡಕ್ಕೆ ಗೊಬ್ಬರ ಹೆಚ್ಚಾದರೆ ಎಲೆ ಮೆತ್ತಗಾಗಿ ಸಸ್ಯಹೇನು ಮುತ್ತುತ್ತದೆ, ಹೂವೂ ಹಿಂದೆ ಬೀಳುತ್ತದೆ.

ಸಸಿ ಆರಿಸುವಾಗ ಎತ್ತರಕ್ಕೆ ಮರುಳಾಗಬೇಡಿ. ಸಣ್ಣ ಪ್ಯಾಕೆಟ್ಟಿನ ಒಂದಡಿ ಸಸಿ ಎರಡು ವರ್ಷದಲ್ಲಿ ನಾಲ್ಕಡಿಯದನ್ನು ಹಿಂದಿಕ್ಕುವುದು ಸಾಮಾನ್ಯ. ದೊಡ್ಡದರ ಬೇರು ಚೀಲದೊಳಗೆ ಸುತ್ತಿ ಸುತ್ತಿ ಸುರುಳಿಯಾಗಿರುತ್ತದೆ, ನೆಲಕ್ಕಿಳಿದರೂ ಸುತ್ತುವುದು ಬಿಡುವುದಿಲ್ಲ. ಅಂಥ ಸುರುಳಿ ಕಂಡರೆ ಬೇರಿನ ಮುದ್ದೆಯನ್ನು ಮೂರು ಕಡೆ ಉದ್ದಕ್ಕೆ ಅರ್ಧ ಇಂಚು ಆಳ ಸೀಳಿ ನೆಡಿ. ಕಾಂಡ ಮತ್ತು ಬೇರು ಕೂಡುವ ಜಾಗ ನೆಲದ ಮಟ್ಟಕ್ಕೇ ಇರಲಿ. ಪೊದೆಯಿಂದ ಪೊದೆಗೆ ಮೂರರಿಂದ ನಾಲ್ಕು ಅಡಿ.

ನರ್ಸರಿಯಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಇದಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ಔಷಧ ಹಾಕಿದ್ದೀರಾ? ಈ ಜಾತಿಯ ಕೀಟನಾಶಕ ಎಲೆಯ ಮೇಲೆ ಕೂರುವುದಿಲ್ಲ, ಗಿಡದ ರಸದಲ್ಲೇ ಹರಿದಾಡುತ್ತದೆ. ತೊಳೆದರೂ ಹೋಗದೆ, ವಾರಗಟ್ಟಲೆ ಎಲೆ, ಮಕರಂದ ಎರಡರಲ್ಲೂ ಉಳಿಯುತ್ತದೆ. ಹೊಸ ಗಿಡದ ಮೇಲೆ ಮೊಟ್ಟೆ ಒಡೆದರೂ ಮರಿಗಳು ಒಂದೆರಡು ದಿನದಲ್ಲಿ ಕಪ್ಪಾಗಿ ಉದುರಿದರೆ ಮೊದಲ ಅನುಮಾನ ಇದರ ಮೇಲಿರಲಿ.

ನೆಟ್ಟ ಮೇಲೆ ಎರಡು ಮೂರು ಇಂಚು ತರಗೆಲೆ ಹೊದಿಸಿ, ಕಾಂಡದ ಸುತ್ತ ಒಂದು ಗೇಣು ಬಿಟ್ಟು. ತಾಗಿಸಿ ಹೊದಿಸಿದರೆ ತೊಗಟೆ ಕೊಳೆಯುತ್ತದೆ. ಮಳೆ ನಿಂತ ಮೇಲೆ ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗಿಡಕ್ಕೆ ಒಂದು ಸಣ್ಣ ಬಕೆಟ್, ಎಂಟು ಹತ್ತು ಲೀಟರ್. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿದುಬಿಡುತ್ತದೆ. ಎರಡನೇ ಬೇಸಿಗೆಗೆ ಎಕ್ಕ, ತಂಗಡಿಗೆ ನೀರೇ ಬೇಡ.

ನೀರು, ಮಣ್ಣು, ಒಣಕಡ್ಡಿ

ಹಕ್ಕಿಯ ತಟ್ಟೆ ಆಳ ಇರಬಾರದು. ಅಂಚಿನಲ್ಲಿ ಅರ್ಧ ಇಂಚು, ನಡುವೆ ಎರಡು ಇಂಚು, ತಳ ಒರಟು. ಪೊದೆಯಿಂದ ಆರಡಿ ದೂರ ಇಡಿ. ಹತ್ತಿರವಿದ್ದರೆ ಬೆಕ್ಕು ಹೊಂಚುತ್ತದೆ, ಬಟ್ಟಬಯಲಾದರೆ ಹಕ್ಕಿ ಇಳಿಯುವುದಿಲ್ಲ. ಎರಡು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ತುಂಬಿ. ಸೆಕೆಯ ದಿನಗಳಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು.

ಕಪ್ಪೆಗಾಗಿ ಸಣ್ಣ ಕೊಳ ತೋಡುವವರು ಒಂದೂವರೆ ಅಡಿ ಆಳ ಮಾಡಿ, ಒಂದು ಬದಿ ಇಳಿಜಾರಾಗಿ ಕಲ್ಲು ಜೋಡಿಸಿ. ನೇರ ಗೋಡೆಯ ತೊಟ್ಟಿಯಲ್ಲಿ ಬಿದ್ದ ಓತಿಕ್ಯಾತ ಮೇಲೆ ಬರಲಾರದು. ಸೊಳ್ಳೆಗೆಂದು ಗ್ಯಾಂಬೂಸಿಯಾ ಮೀನು ಬಿಟ್ಟರೆ ಅದು ಗೊದಮೊಟ್ಟೆಯನ್ನೂ ಬಿಡುವುದಿಲ್ಲ.

ಒಂದು ಮೂಲೆಯಲ್ಲಿ ಎರಡಡಿ ಮಣ್ಣು ಹೊದಿಕೆಯಿಲ್ಲದೆ ಬೋಳಾಗಿರಲಿ, ನೆಲದಲ್ಲಿ ಬಿಲ ತೋಡುವ ಒಂಟಿ ಜೇನುಗಳಿಗೆ. ತೂತಿನಲ್ಲಿ ಗೂಡು ಮಾಡುವ ಒಂಟಿ ಜೇನುಗಳಿಗೆ ಬೊಂಬಿನ ತೆಳು ತುಂಡುಗಳನ್ನು ಅರ್ಧ ಅಡಿ ಉದ್ದಕ್ಕೆ, ಒಂದು ತುದಿ ಗೆಣ್ಣಿನಿಂದ ಮುಚ್ಚಿರುವಂತೆ ಕತ್ತರಿಸಿ, ಕಟ್ಟು ಕಟ್ಟಿ ಮಳೆ ತಾಗದ ಕಡೆ ಬೆಳಗಿನ ಬಿಸಿಲಿಗೆ ಮುಖ ಮಾಡಿ ಬಿಗಿಯಾಗಿ ಕಟ್ಟಿ. ತೂತು 3ರಿಂದ 10 ಮಿಲಿಮೀಟರ್ ಇರಲಿ. ಬಳಸಿ ಖಾಲಿಯಾದ ತುಂಡನ್ನು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಬೂಸ್ಟು, ನುಸಿ ಹತ್ತುತ್ತದೆ. ಬಣ್ಣ ಬಳಿದ ಹಕ್ಕಿಮನೆಗಳಿಗೆ ದುಡ್ಡು ಹಾಕುವ ಬದಲು ಆ ದುಡ್ಡಿಗೆ ಇನ್ನೆರಡು ಕವಳೆ ತನ್ನಿ.

ಹುಳು ಬಂದಿತು, ಈಗ?

ಕರಿಬೇವಿನ ಎಲೆ ಮೇಲೆ ಹಕ್ಕಿ ಪಿಷ್ಟೆಯಂಥದ್ದು ಕಂಡರೆ ಒರೆಸಬೇಡಿ, ಬಗ್ಗಿ ನೋಡಿ. ಕಂದು ಮೈ, ನಡುವೆ ಬಿಳಿ ಮಚ್ಚೆ, ಒದ್ದೆಯ ಹೊಳಪು: ಅದು ನಿಂಬೆ ಚಿಟ್ಟೆಯದೋ ಮಾರ್ಮನ್‌ದೋ ಎಳೆ ಮರಿ. ಕೊನೆಯ ಪೊರೆ ಬಿಟ್ಟಾಗ ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ತಾಕಿದರೆ ತಲೆಯ ಹಿಂದಿನಿಂದ ಕೆಂಪು ಛಾಯೆಯ ಕವಲುಕೊಂಬು ಚಾಚಿ ಗಪ್ಪೆಂದು ವಾಸನೆ ಹೊಡೆಸುತ್ತದೆ, ಇರುವೆಗೆ ಅಷ್ಟು ಸಾಕು. ಎಕ್ಕದ ಹುಳುವಿನ ಉಪಾಯ ಬೇರೆ. ಮೊದಲು ಎಲೆಯ ನರವನ್ನು ಕಚ್ಚಿ ಹಾಲು ಸುರಿದುಹೋಗಲು ಬಿಟ್ಟು, ಆಮೇಲೆ ಆಚೆಯ ಭಾಗ ತಿನ್ನುತ್ತದೆ.

ಸಿಂಪಡಣೆ ಯಾವುದೂ ಬೇಡ. ಬೇವಿನೆಣ್ಣೆ ಸಾವಯವ ಹೌದು, ಆದರೆ ಚಿಟ್ಟೆಯ ಮರಿಗೆ ಆ ಲೇಬಲ್ ಓದಲು ಬರುವುದಿಲ್ಲ. ಎಕ್ಕಕ್ಕೆ ಹಳದಿ ಹೇನು ಮುತ್ತಿದರೆ ಪೈಪಿನ ನೀರು ರಭಸವಾಗಿ ಬಿಡಿ, ಮೊದಲು ಎಲೆಯಡಿ ಮೊಟ್ಟೆ, ಮರಿ ಇಲ್ಲವೆಂದು ನೋಡಿಕೊಂಡು. ಉಳಿದ ಹೇನಿಗೆ ಗುಲಗಂಜಿ ಹುಳುಗಳು ಬರುತ್ತವೆ, ಎರಡು ವಾರ ಕಾಯುವ ತಾಳ್ಮೆ ಬೇಕಷ್ಟೆ. ಹೊರಗಿನ ದೀಪವನ್ನು ರಾತ್ರಿಯಿಡೀ ಉರಿಸಿದರೆ ಪತಂಗಗಳು ಅದರ ಸುತ್ತಲೇ ಸುತ್ತಿ ಸೋಲುತ್ತವೆ.

ಬಲಿತ ಹುಳು ಒಂದು ದಿನ ಗಿಡದಿಂದ ಕಾಣೆಯಾದರೆ ಹಕ್ಕಿ ತಿಂದಿತೆಂದೇ ತಿಳಿಯಬೇಕಿಲ್ಲ. ಪ್ಯೂಪಾ (ಚಿಟ್ಟೆಯಾಗುವ ಮುಂಚಿನ ಕೋಶ) ಆಗಲು ಅದು ಪಕ್ಕದ ಕಡ್ಡಿಗೋ ಗೋಡೆಗೋ ನಡೆದಿರುತ್ತದೆ. ಹಸಿರು ಕಡ್ಡಿಯಲ್ಲಿ ಹಸಿರಾಗಿ, ಒಣಕಡ್ಡಿಯಲ್ಲಿ ಕಂದಾಗಿ ಕೂರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಆದ್ದರಿಂದ ಗಿಡದ ಕೊಂಬೆ ಸವರುವಾಗ ಒಮ್ಮೆಗೆ ಮೂರನೇ ಒಂದು ಭಾಗ ಮಾತ್ರ ಸವರಿ, ಕತ್ತರಿಸಿದ್ದನ್ನು ಸುಡದೆ ಹದಿನೈದು ದಿನ ಪೊದೆಯ ನೆರಳಿಗೇ ಒರಗಿಸಿಡಿ.

ಎರಡನೇ ವರ್ಷದ ಸಸಿಗಳು

ಕಕ್ಕೆಯ ಬೀಜದ ಸಿಪ್ಪೆ ಗಟ್ಟಿ. ಉಪ್ಪುಕಾಗದದಲ್ಲಿ ಒಂದು ಬದಿ ಉಜ್ಜಿ, ಅಥವಾ ಕುದಿಸಿ ಇಳಿಸಿದ ನೀರು ಸುರಿದು ಒಂದು ದಿನ ನೆನೆಯಬಿಡಿ. ಉಬ್ಬಿದವನ್ನು ಬಿತ್ತಿ, ಉಬ್ಬದವಕ್ಕೆ ಮತ್ತೊಮ್ಮೆ ಅದೇ ಉಪಚಾರ. ಆಡುಸೋಗೆಯ ಕಡ್ಡಿ ಊರಿದರೆ ಬರುತ್ತದೆ. ಕರಿಬೇವಿನ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಕೆಟ್ಟಿತು. ಕಪ್ಪಾದ ಹಣ್ಣಿನ ತಿರುಳು ತೆಗೆದು ಆ ವಾರವೇ ಬಿತ್ತಬೇಕು. ಅದಕ್ಕೂ ಮುಂಚೆ ಪಿಕಳಾರ ಕೂರುವ ಬೇಲಿಯ ಬುಡ ನೋಡಿ. ಅದು ತಿಂದು ಉದುರಿಸಿದ ಬೀಜ ಅಲ್ಲಿ ಮೊಳೆತಿರಬಹುದು. ನಾಲ್ಕೆಲೆ ಬಂದ ಸಸಿಯನ್ನು ಮಳೆ ಬಿದ್ದ ಮರುದಿನ ಮಣ್ಣಿನ ಮುದ್ದೆಸಹಿತ ಎತ್ತಿ ಬೇಕಾದ ಕಡೆ ಇಡಿ.