ಒಂದೇ ಜಿಪ್ ಚೀಲದಲ್ಲಿ ಒಬ್ಬರೇ ಆಡುವ ರೋಲ್-ಪ್ಲೇಯಿಂಗ್ ಆಟ

ಒಬ್ಬರೇ ಕೂತು ರೋಲ್-ಪ್ಲೇಯಿಂಗ್ ಆಟ ಆಡೋಣ ಎಂದು ಹೊರಟವರಲ್ಲಿ ಎಷ್ಟೋ ಜನ ಸಾಮಾನು ಜೋಡಿಸುವುದರಲ್ಲೇ ಸುಸ್ತಾಗುತ್ತಾರೆ. ಮೂರು ನಿಯಮ ಪುಸ್ತಕ, ಡಬ್ಬಿ ತುಂಬ ದಾಳ, ನಕ್ಷೆ, ಬೊಂಬೆ, ಲ್ಯಾಪ್‌ಟಾಪಿನಲ್ಲಿ ಹತ್ತು ಪಿಡಿಎಫ್. ಇವನ್ನೆಲ್ಲ ಮೇಜಿನ ಮೇಲೆ ಹರಡುವಷ್ಟರಲ್ಲಿ ಸಿಕ್ಕಿದ್ದ ಮುಕ್ಕಾಲು ಗಂಟೆ ಮುಗಿದಿರುತ್ತದೆ. ಇಲ್ಲಿ ಹೇಳುವ ಕಿಟ್‌ಗೆ ಒಂದೇ ಅಳತೆಗೋಲು: ಜಿಪ್ ಎಳೆದ ಎರಡು ನಿಮಿಷದೊಳಗೆ ಮೊದಲ ದಾಳ ಬಿದ್ದಿರಬೇಕು, ಎದ್ದು ಹೋಗಬೇಕಾದಾಗ ಒಂದೇ ನಿಮಿಷದಲ್ಲಿ ಎಲ್ಲವೂ ಒಳಗೆ ಸೇರಿರಬೇಕು. ಈ ಅಳತೆಗೆ ನಿಲ್ಲದ ವಸ್ತು ಎಷ್ಟೇ ಚೆಂದವಿದ್ದರೂ ಮನೆಯಲ್ಲಿರಲಿ.

ಸಾಮಾನ್ಯವಾಗಿ ಇದು ನಾಲ್ಕೈದು ಜನ ಸೇರಿ ಕತೆ ಕಟ್ಟುತ್ತಾ ಆಡುವ ಆಟ. ಒಬ್ಬರು ಗೇಮ್ ಮಾಸ್ಟರ್ ಆಗಿ ಲೋಕವನ್ನು ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಇಂಥ ಆಟಗಳಲ್ಲಿ ಮೊದಲು ಅಚ್ಚಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕದಲ್ಲಿ ಹೊರಬಂದದ್ದು 1974ರಲ್ಲಿ. ಮರುವರ್ಷವೇ ಅದರ ಪ್ರಕಾಶಕರ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಒಬ್ಬರೇ ಆಡುವ ಕ್ರಮವೂ ಅಚ್ಚಾಯಿತು. ಹಾಗಾಗಿ ಇದು ನಿನ್ನೆ ಮೊನ್ನೆಯ ಗೀಳಲ್ಲ. ಒಬ್ಬರೇ ಆಡುವಾಗ ಗೇಮ್ ಮಾಸ್ಟರ್ ಕೆಲಸ ಎರಡು ಕಡೆ ಹಂಚಿಹೋಗುತ್ತದೆ: ನಿಮಗೆ ಗೊತ್ತಿಲ್ಲದ್ದನ್ನು ದಾಳ ಹೇಳುತ್ತದೆ, ಆಗಿಹೋದದ್ದನ್ನು ನೋಟ್‌ಬುಕ್ ನೆನಪಿಡುತ್ತದೆ. ಕಿಟ್ ಈ ಎರಡನ್ನು ಸರಿಯಾಗಿ ಮಾಡಿದರೆ ಸಾಕು.

ಚೀಲ ಮತ್ತು ದಾಳ

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಎ5 ಅಳತೆಯ ಜಿಪ್ ಚೀಲ ಒಂದು ತೆಗೆದುಕೊಳ್ಳಿ. ಜಾಮಿಟ್ರಿ ಬಾಕ್ಸ್ ಬಳಸುವ ಆಸೆ ಬರುತ್ತದೆ, ಆದರೆ ಅದರಲ್ಲಿ ಕಾರ್ಡು ಹಿಡಿಸುವುದಿಲ್ಲ, ದಾಳ ಬಿದ್ದಾಗಲೆಲ್ಲ ಠಣ್ ಎನ್ನುತ್ತದೆ. ಚೀಲದೊಳಗೆ ಹೋಗಬೇಕಾದವು: ನಾಲ್ಕು ದಾಳ, ಒಂದು ಬಟ್ಟೆಯ ತಟ್ಟೆ, ಐದಾರು ಗಟ್ಟಿ ಕಾರ್ಡು, ನಾಲ್ಕು ಜೆಮ್ ಕ್ಲಿಪ್, ಎ6 ನೋಟ್‌ಬುಕ್, ಒಂದು ಬಾಲ್‌ಪೆನ್, ಒಂದು ಪೆನ್ಸಿಲ್, ಪಾರದರ್ಶಕ ಮುಚ್ಚಳದ ಒಂದು ಪುಟ್ಟ ಡಬ್ಬಿ.

ದಾಳ ನಾಲ್ಕೇ ಸಾಕು: ಆರು ಮುಖದವು ಎರಡು, ಹತ್ತು ಮುಖದವು ಎರಡು. ಪ್ರತಿ ಜೋಡಿಯಲ್ಲೂ ಒಂದು ಕಪ್ಪು, ಒಂದು ಬಿಳಿ ಇರಲಿ. ಬಣ್ಣ ಬೇರೆ ಇಲ್ಲದಿದ್ದರೆ ಯಾವುದನ್ನು ಮೊದಲು ಓದಬೇಕು ಎಂಬ ಗೊಂದಲ ಪ್ರತಿ ಸಲವೂ ಬರುತ್ತದೆ, ಆಗ ಮನಸ್ಸು ತನಗೆ ಬೇಕಾದ್ದನ್ನೇ ಮೊದಲು ಓದುತ್ತದೆ. ಇಂಥ ಆಟಗಳಿಗೆಂದು ಮಾರುವ ಏಳು ದಾಳಗಳ ಸೆಟ್ಟೇ ಬೇಕೆಂದಿಲ್ಲ. ಇಪ್ಪತ್ತು ಮುಖದ ದಾಳ ಬೇಕಾದಾಗ ಒಂದು ಆರು ಮುಖದ್ದನ್ನೂ ಒಂದು ಹತ್ತು ಮುಖದ್ದನ್ನೂ ಒಟ್ಟಿಗೆ ಹಾಕಿ: ಆರರದ್ದರಲ್ಲಿ 1ರಿಂದ 3 ಬಿದ್ದರೆ ಹತ್ತರ ದಾಳದಲ್ಲಿ ಬಂದ ಸಂಖ್ಯೆಯೇ ಉತ್ತರ, 4ರಿಂದ 6 ಬಿದ್ದರೆ ಅದಕ್ಕೆ 10 ಕೂಡಿಸಿ. ಹನ್ನೆರಡು ಮುಖದ್ದಕ್ಕೆ ಇದೇ ಉಪಾಯವನ್ನು ಎರಡು ಆರರ ದಾಳದಲ್ಲಿ ಮಾಡಿ, 10ರ ಬದಲು 6 ಕೂಡಿಸಿ. ಎಂಟಕ್ಕೆ ಹತ್ತು ಮುಖದ್ದನ್ನು ಹಾಕಿ 9 ಅಥವಾ 10 ಬಂದರೆ ಮತ್ತೆ ಹಾಕುವುದು. ನಾಲ್ಕಕ್ಕೆ ಆರು ಮುಖದ್ದನ್ನು ಹಾಕಿ 5, 6 ಬಂದರೆ ಮತ್ತೆ ಹಾಕುವುದು. ಹತ್ತು ಮುಖದ ದಾಳದಲ್ಲಿ 0 ಎಂದಿದ್ದರೆ ಅದು 10.

ದಾಳದ ಬದಲು ಮನೆಯ ಚೌಕಾಬಾರದ ಕವಡೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಗರ ಬೀಳುವ ಸದ್ದಿನ ಸುಖ ನಿಜ, ಆದರೆ ಕವಡೆಯ ಬೆನ್ನು ಮತ್ತು ಬಾಯಿ ಒಂದೇ ಆಕಾರದವಲ್ಲ, ಎರಡೂ ಸಮನಾಗಿ ಬೀಳುತ್ತವೆಂದು ನಂಬುವಂತಿಲ್ಲ. ಒಂದು ಕಡೆ ತೇಯ್ದ ಹುಣಸೆ ಬೀಜದ ಕತೆಯೂ ಅಷ್ಟೇ. ಚೌಕಾಬಾರದಲ್ಲಿ ಎಲ್ಲರೂ ಅದೇ ಕವಡೆ ಹಾಕುವುದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಇಲ್ಲಿ ಲೆಕ್ಕವೇ ಆಟದ ಬೆನ್ನೆಲುಬು. ಬಳಸಲೇಬೇಕೆಂದಿದ್ದರೆ ಒಂದು ಕವಡೆಯನ್ನು ನೂರು ಸಲ ಹಾಕಿ ಎಣಿಸಿ, ಬಂದ ಲೆಕ್ಕಕ್ಕೆ ತಕ್ಕಂತೆ ಬಳಸಿ.

ಬಟ್ಟೆಯ ತಟ್ಟೆ

ದಾಳ ಉರುಳಿ ಸೀಟಿನಡಿ ಸೇರಿದರೆ ಅವತ್ತಿನ ಆಟ ಮುಗಿದಂತೆ. ಅದಕ್ಕೆ ತಟ್ಟೆ ಬೇಕೇಬೇಕು. 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ರೆಕ್ಸಿನ್ ತುಂಡು, ಅದೇ ಅಳತೆಯ ಫೆಲ್ಟ್ ಬಟ್ಟೆ. ಎರಡನ್ನೂ ಬೆನ್ನಿಗೆ ಬೆನ್ನಿಟ್ಟು ಅಂಚಿನ ಸುತ್ತ ಹೊಲಿಯಿರಿ. ಬಿಳಿ ಫೆವಿಕಾಲ್ ರೆಕ್ಸಿನ್ ಮೇಲೆ ನಿಲ್ಲುವುದಿಲ್ಲ. ಹೊಲಿಯಲು ಬಾರದಿದ್ದರೆ ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು ಬಳಸಿ. ಈಗ ಪ್ರತಿ ಮೂಲೆಯಿಂದ ಎರಡೂ ಅಂಚುಗಳಲ್ಲಿ 2.5 ಸೆಂ.ಮೀ. ಅಳೆದು ಗುರುತು ಹಾಕಿ, ಆ ಗುರುತಿನಲ್ಲಿ ಅಂಚಿಗೆ ಆದಷ್ಟು ಹತ್ತಿರ, ಫೆಲ್ಟ್ ಇರುವ ಮೇಲ್ಮುಖದಲ್ಲೇ ಟಿಚ್ ಬಟನ್‌ನ ಗಂಡು ಒಂದು ಕಡೆ, ಹೆಣ್ಣು ಇನ್ನೊಂದು ಕಡೆ ಹೊಲಿಯಿರಿ. ಮೂಲೆಯನ್ನು ಹೊರಕ್ಕೆ ಚಿವುಟಿದಾಗ ಫೆಲ್ಟ್ ಫೆಲ್ಟಿಗೆ ತಾಗಿ ಬಟನ್ ಕೂರುತ್ತದೆ, ಗೋಡೆ ಎದ್ದು ನಿಲ್ಲುತ್ತದೆ. ಒಟ್ಟು ನಾಲ್ಕು ಜೊತೆ ಬಟನ್. ಒಳಗೆ ಸುಮಾರು 15 x 10 ಸೆಂ.ಮೀ. ಜಾಗ ಉಳಿಯುತ್ತದೆ, ಮೂರು ದಾಳಕ್ಕೆ ಬೇಕಾದಷ್ಟು.

ತಟ್ಟೆಯನ್ನು ಚೌಕವಾಗಿ 20 x 20 ಮಾಡಬೇಡಿ. ಅದು ಎ5 ಚೀಲಕ್ಕೆ ಹೋಗಬೇಕಾದರೆ ನಡುವೆ ಮಡಚಬೇಕು, ಮಡಿಕೆ ಬಿದ್ದ ಕಡೆ ದಾಳ ಓರೆಯಾಗಿ ನಿಲ್ಲುತ್ತದೆ. ಬರೀ ಫೆಲ್ಟಿನಲ್ಲಿ ಮಾಡಿದರೆ ಗೋಡೆ ಕುಸಿಯುತ್ತದೆ.

ಕಾರ್ಡು ಮತ್ತು ಕ್ಲಿಪ್

ಯಾವ ಆಟ ಎಂಬುದನ್ನು ಈಗ ತೀರ್ಮಾನಿಸಬೇಕು, ಏಕೆಂದರೆ ಕಾರ್ಡಿನ ಮೇಲೆ ಬರುವುದು ಅದೇ. ಮೊದಲ ಸಲಕ್ಕೆ ಶಾನ್ ಟಾಮ್‌ಕಿನ್ 2018ರಲ್ಲಿ ತಂದ ಐರನ್‌ಸ್ವಾರ್ನ್ ಒಳ್ಳೆಯದು: ಒಬ್ಬರೇ ಆಡುವುದನ್ನೂ ಗಮನದಲ್ಲಿಟ್ಟು ಬರೆದದ್ದು, ಪಿಡಿಎಫ್ ಉಚಿತ. ನಿಮ್ಮ ಬಳಿ ಇರುವ ನಾಲ್ಕು ದಾಳ ಇದಕ್ಕೆ ಸಾಕು. ಆರು ಮುಖದ ಒಂದು ದಾಳಕ್ಕೆ ಪಾತ್ರದ ಗುಣದ ಅಂಕ ಕೂಡಿಸಿ, ಹತ್ತು ಮುಖದ ಎರಡು ದಾಳಗಳ ಜೊತೆ ಬೇರೆಬೇರೆಯಾಗಿ ಹೋಲಿಸುವುದು. ಎರಡನ್ನೂ ಮೀರಿದರೆ ಪೂರ್ಣ ಗೆಲುವು, ಒಂದನ್ನು ಮೀರಿದರೆ ಬೆಲೆ ತೆತ್ತು ಗೆಲುವು, ಯಾವುದನ್ನೂ ಮೀರದಿದ್ದರೆ ಸೋಲು. ಸಮವಾದರೆ ಮೀರಿದಂತಲ್ಲ, ಹೊಸಬರು ತಪ್ಪುವುದು ಇಲ್ಲೇ.

ಕಾರ್ಡಿನ ಅಳತೆ 5 x 3 ಇಂಚು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿದರೆ ಅಂಗಡಿಯ ಇಂಡೆಕ್ಸ್ ಕಾರ್ಡಿಗಿಂತ ಗಟ್ಟಿ. ನಡುವೆ ಪಾತ್ರದ ಹೆಸರು, ಐದು ಗುಣಗಳು (ಚುರುಕು, ಹೃದಯ, ಕಬ್ಬಿಣ ಎಂದರೆ ಮೈಬಲ, ನೆರಳು ಎಂದರೆ ಕಳ್ಳಹೆಜ್ಜೆ, ಬುದ್ಧಿ, ಇವಕ್ಕೆ 3, 2, 2, 1, 1 ಎಂದು ನಿಮಗಿಷ್ಟ ಬಂದಂತೆ ಹಂಚಿಕೆ), ಮತ್ತು ಪಾತ್ರ ತೊಟ್ಟ ಶಪಥ. ಏರಿಳಿಯುವ ಅಂಕಗಳೆಲ್ಲ ಅಂಚಿಗೆ ಹೋಗಲಿ. ಮೇಲಿನ ಉದ್ದ ಅಂಚಿನಲ್ಲಿ 7 ಮಿ.ಮೀ.ಗೆ ಒಂದರಂತೆ 17 ಗೆರೆ ಎಳೆದು −6ರಿಂದ +10 ಬರೆಯಿರಿ: ಇದು ಮೊಮೆಂಟಮ್, ಅಂದರೆ ಆಟದ ಓಟ ಪಾತ್ರದ ಪರ ಎಷ್ಟಿದೆ ಎಂಬ ಅಂಕ, ಶುರುವಾಗುವುದು +2ರಿಂದ. ಎಡಬಲದ ಗಿಡ್ಡ ಅಂಚುಗಳಲ್ಲಿ 12 ಮಿ.ಮೀ.ಗೊಂದು ಗೆರೆಯಂತೆ 0ಯಿಂದ 5: ಒಂದು ಆರೋಗ್ಯ, ಇನ್ನೊಂದು ಮನೋಬಲ. ಕೆಳಗಿನ ಅಂಚಿನಲ್ಲಿ ಅದೇ ರೀತಿ ಬುತ್ತಿ. ಮೂರೂ 5ರಿಂದ ಶುರು. ಪ್ರತಿ ಅಂಚಿಗೆ ಒಂದು ಜೆಮ್ ಕ್ಲಿಪ್ ಸಿಕ್ಕಿಸಿ, ಅಂಕ ಬದಲಾದಾಗ ಅದನ್ನು ಸರಿಸಿ. ಪೆನ್ಸಿಲಿನಲ್ಲಿ ಬರೆದು ಅಳಿಸುತ್ತಾ ಹೋದರೆ ನಾಲ್ಕು ದಿನಕ್ಕೆ ಕಾಗದ ತೂತಾಗುತ್ತದೆ. ಮಣಿ, ಕಾಳು ಇಟ್ಟರೆ ಚೀಲ ಮುಚ್ಚಿದ ಕೂಡಲೇ ಲೆಕ್ಕ ಹೋಗುತ್ತದೆ. ಕ್ಲಿಪ್ ಮಾತ್ರ ಬಿಟ್ಟ ಜಾಗದಲ್ಲೇ ಇರುತ್ತದೆ.

ಎರಡನೆಯ ಕಾರ್ಡಿನಲ್ಲಿ ನೀವು ಪದೇಪದೇ ಬಳಸುವ ಐದಾರು ನಿಯಮಗಳನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಇಡೀ ಪುಸ್ತಕ ಒಯ್ಯಬೇಕಿಲ್ಲ.

ಕೇಳುವುದು ಹೇಗೆ

ಮೂರನೆಯ ಕಾರ್ಡು ಉತ್ತರ ಹೇಳುವ ಕಾರ್ಡು. ಐರನ್‌ಸ್ವಾರ್ನ್‌ನಲ್ಲಿ ಇದಕ್ಕೆ ಅದರದ್ದೇ ಕೋಷ್ಟಕವಿದೆ. ಯಾವ ಆಟಕ್ಕೂ ಒಗ್ಗುವ, ಬಾಯಿಪಾಠವಾಗುವ ಕ್ರಮ ಬೇಕೆಂದರೆ ಹೀಗೆ ಮಾಡಿ. ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಬರೆಯಿರಿ. ಸಂಭವ ಹೆಚ್ಚೋ, ಸಮವೋ, ಕಡಿಮೆಯೋ ಎಂದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಹತ್ತು ಮುಖದ ಎರಡೂ ದಾಳ ಹಾಕಿ. ಕಪ್ಪು ಉತ್ತರ ಹೇಳುತ್ತದೆ: ಸಂಭವ ಹೆಚ್ಚಿದ್ದರೆ 4 ಮತ್ತು ಮೇಲೆ ಹೌದು, ಸಮವಾದರೆ 6 ಮತ್ತು ಮೇಲೆ, ಕಡಿಮೆಯಾದರೆ 8 ಮತ್ತು ಮೇಲೆ. ಅಂದರೆ ಕ್ರಮವಾಗಿ ಶೇ 70, 50, 30. ಬಿಳಿಯದು ಬಾಲ ಹಚ್ಚುತ್ತದೆ: 1 ಅಥವಾ 2 ಬಂದರೆ ‘ಆದರೆ’, 9 ಅಥವಾ 10 ಬಂದರೆ ‘ಅದೂ ಅಲ್ಲದೆ’. ಎರಡರಲ್ಲೂ ಒಂದೇ ಸಂಖ್ಯೆ ಬಿದ್ದರೆ ನೀವು ಎಣಿಸದ ಏನೋ ಒಂದು ನಡೆಯುತ್ತದೆ; ಇದರ ಸಂಭವ ಶೇ 10.

ಆ ‘ಏನೋ ಒಂದು’ ಏನೆಂದು ತಿಳಿಯಲು ನಾಲ್ಕನೆಯ ಕಾರ್ಡು. ಒಂದು ಬದಿಯಲ್ಲಿ 36 ಕ್ರಿಯಾಪದ, ಇನ್ನೊಂದು ಬದಿಯಲ್ಲಿ 36 ನಾಮಪದ, 11ರಿಂದ 66ರವರೆಗೆ ಆರು ಸಾಲು ಆರು ಕಂಬ. ಕಪ್ಪು ಆರರ ದಾಳ ಸಾಲು, ಬಿಳಿಯದು ಕಂಬ. ಎರಡು ಸಲ ಹಾಕಿದರೆ 1,296 ಜೋಡಿಗಳಲ್ಲಿ ಒಂದು ಸಿಗುತ್ತದೆ. ಈ ಪಟ್ಟಿಯನ್ನು ಇಂಗ್ಲಿಷಿನಿಂದ ಎತ್ತಿ ಅನುವಾದಿಸಬೇಡಿ ಎಂದು ಒತ್ತಿ ಹೇಳಬೇಕು. ಹಾಗೆ ಮಾಡಿದರೆ ‘ಸಂಘರ್ಷ’, ‘ಪರಿವರ್ತನೆ’, ‘ಅವಕಾಶ’ ಇಂಥವೇ ತುಂಬಿಕೊಳ್ಳುತ್ತವೆ, ಇವು ಯಾವ ಸಂದರ್ಭಕ್ಕೆ ಬಂದರೂ ಒಂದನ್ನೇ ಹೇಳುತ್ತವೆ. ಕೈಗೆ ಸಿಗುವ, ಕಣ್ಣಿಗೆ ಕಾಣುವ ಪದ ಹಾಕಿ: ಬೀಗ, ಸಾಲ, ಬತ್ತಿದ ಬಾವಿ, ಎತ್ತು, ಹಳೇ ಜಗಳ, ಹೊಗೆ, ಅತ್ತೆ. ಕ್ರಿಯೆಗೆ: ಬಚ್ಚಿಡು, ಹಿಂದಿರುಗಿಸು, ಕಾಯು, ತಡೆ, ಬೇಡು, ತೇಲಿಬಿಡು. ‘ತೇಲಿಬಿಡು, ಬೀಗ’ ಎಂದು ಬಿದ್ದರೆ ತಲೆ ತಾನಾಗಿ ಓಡತೊಡಗುತ್ತದೆ.

ನೋಟ್‌ಬುಕ್ಕಿನಲ್ಲಿ ಇದು ಹೀಗೆ ಕಾಣಬೇಕು: ? ಅಂದರೆ ಪ್ರಶ್ನೆ, > ಅಂದರೆ ದಾಳ (ಕಪ್ಪು ಮೊದಲು), = ಅಂದರೆ ಆದದ್ದು. ಪಾತ್ರ ಚೆನ್ನಿ, ಘಾಟಿ ದಾಟಿ ಓಲೆ ಒಯ್ಯುವವಳು.

ದೃಶ್ಯ 4. ಘಾಟಿಯ ತುದಿ, ಸಂಜೆ, ಜಡಿಮಳೆ. ಕತ್ತಲಾಗುವ ಮುಂಚೆ ಸುಂಕದ ಕಟ್ಟೆ ದಾಟಬೇಕು.
? ಕಟ್ಟೆಯಲ್ಲಿ ಕಾವಲಿದೆಯಾ (ಹೆಚ್ಚು)
> 5, 9. ಹೌದು, ಅದೂ ಅಲ್ಲದೆ
= ಇದೆ, ಜೊತೆಗೆ ಪಾಳೇಗಾರನ ಇಬ್ಬರು ಸವಾರರು.
ನೆರಳಿನಲ್ಲಿ ನುಸುಳಿದಳು: 4 + ನೆರಳು 3 = 7. ಎದುರು 7, 2. ಒಂದನ್ನು ಮಾತ್ರ ಮೀರಿದಳು
= ದಾಟಿದಳು, ಬುತ್ತಿ ಗಂಟು ಬೇಲಿಗೆ ಸಿಕ್ಕಿ ಉಳಿಯಿತು. ಬುತ್ತಿ 4.
? ಯಾರಾದರೂ ಕಂಡರಾ (ಕಡಿಮೆ)
> 3, 3. ಇಲ್ಲ, ಜೋಡಿ. ಹಿಂದಿರುಗಿಸು, ಎತ್ತು
= ಕಳೆದ ದೃಶ್ಯದಲ್ಲಿ ಕಳೆದುಹೋದ ಎತ್ತು ಕತ್ತಲಲ್ಲಿ ಅವಳ ಹಿಂದೆಯೇ ಬರುತ್ತಿದೆ. ಕೊರಳ ಗಂಟೆ!

ಒಂದು ದೃಶ್ಯಕ್ಕೆ ಹತ್ತು ಸಾಲು ಸಾಕು. ಕಾದಂಬರಿ ಬರೆಯಲು ಹೊರಟರೆ ಕೈ ಸೋಲುತ್ತದೆ, ಆಟ ನಿಲ್ಲುತ್ತದೆ. ಪ್ರಶ್ನೆಯನ್ನೂ ಸಂಭವವನ್ನೂ ದಾಳ ಹಾಕುವ ಮೊದಲೇ ಬರೆಯುವುದಂತೂ ಕಡ್ಡಾಯ. ಬರೆಯದಿದ್ದರೆ ದಾಳ ಬಿದ್ದ ಮೇಲೆ ಪ್ರಶ್ನೆಯೇ ಸದ್ದಿಲ್ಲದೆ ಬದಲಾಗುತ್ತದೆ. ನಾಲ್ಕು ದೃಶ್ಯ ಕಳೆಯುವಷ್ಟರಲ್ಲಿ ಅಚ್ಚರಿಯೆಲ್ಲ ಇಂಗಿ, ಆಟ ಸಪ್ಪೆಯಾಯಿತು ಎನಿಸುತ್ತದೆ. ಒಬ್ಬರೇ ಆಡುವುದನ್ನು ಬಿಟ್ಟುಬಿಡಲು ಇದೇ ದೊಡ್ಡ ಕಾರಣ. ಇನ್ನೊಂದು, ಎಲ್ಲವನ್ನೂ ಕೇಳುವುದು. ಬಾಗಿಲು ಮರದ್ದಾ, ದೀಪ ಇದೆಯಾ, ನಾಯಿ ಬೊಗಳಿತಾ? ದೃಶ್ಯಕ್ಕೆ ಮೂರು ಪ್ರಶ್ನೆಯ ಮಿತಿ ಇಟ್ಟುಕೊಳ್ಳಿ. ಹೌದು ಬಂದರೂ ಇಲ್ಲ ಬಂದರೂ ನೀವು ಮುಂದೆ ಮಾಡುವುದು ಒಂದೇ ಆಗಿದ್ದರೆ ಆ ಪ್ರಶ್ನೆ ಬೇಡ, ನೀವೇ ಹೇಳಿಬಿಡಿ.

ನೋಟ್‌ಬುಕ್ ಚೌಕುಳಿ ಹಾಳೆಯದಾದರೆ ನಕ್ಷೆಗೆ ಅನುಕೂಲ. ಬಲಪುಟ ದಾಖಲೆಗೆ, ಎಡಪುಟ ನಕ್ಷೆಗೆ. ಕೊನೆಯ ಪುಟದಿಂದ ಹಿಂದಕ್ಕೆ ಎರಡು ಪಟ್ಟಿ: ಭೇಟಿಯಾದ ಜನ, ಮುಗಿಯದ ಎಳೆಗಳು. ಎಳೆಗಳು ಐದು ದಾಟಿದರೆ ಒಂದನ್ನು ಮುಗಿಸಿಯೇ ಹೊಸದು. ದಾಖಲೆ ಬಾಲ್‌ಪೆನ್ನಿನಲ್ಲಿರಲಿ, ಜೆಲ್ ಪೆನ್ನಿನ ಶಾಯಿ ಬೆವರಿಗೂ ಮಳೆಗೂ ಹರಡುತ್ತದೆ.

ಎದ್ದೇಳುವ ಮುಂಚೆ ಕೊನೆಯಲ್ಲಿ ‘ಮುಂದೆ:’ ಎಂದು ಒಂದು ಸಾಲು ಬರೆಯಿರಿ. ‘ಮುಂದೆ: ಎತ್ತಿನ ಗಂಟೆ ಸವಾರರಿಗೆ ಕೇಳಿಸಿತಾ?’ ಮೂರು ವಾರ ಬಿಟ್ಟು ತೆರೆದರೂ ಆ ಸಾಲಿನಿಂದ ನೇರ ದಾಳಕ್ಕೆ ಹೋಗಬಹುದು. ಇದಿಲ್ಲದಿದ್ದರೆ ಹಿಂದಿನ ಹತ್ತು ಪುಟ ಓದಬೇಕು, ಓದುವಷ್ಟರಲ್ಲಿ ಊರು ಬಂದಿರುತ್ತದೆ.

ಬಸ್ಸಿನಲ್ಲಿ, ರೈಲಿನಲ್ಲಿ

ರೈಲಿನ ಕೆಳ ಬರ್ತಿನಲ್ಲಿ ತಟ್ಟೆ ನಡೆಯುತ್ತದೆ. ಬಸ್ಸಿನಲ್ಲಿ ನಡೆಯದು, ಪ್ರತಿ ಉಬ್ಬಿಗೂ ಬಿದ್ದ ದಾಳ ಮಗುಚುತ್ತದೆ. ಆಗ ಪಾರದರ್ಶಕ ಡಬ್ಬಿಗೆ ದಾಳ ಹಾಕಿ ಮುಚ್ಚಿ, ಕುಲುಕಿ, ಅಂಗೈ ಮೇಲಿಟ್ಟು ಓದಿ. ಡಬ್ಬಿ ನಿಂತಾಗ ಮೊದಲು ಕಂಡದ್ದೇ ಲೆಕ್ಕ. ಓರೆಯಾಗಿ ನಿಂತರೆ ಎರಡೂ ದಾಳ ಮತ್ತೆ. ತಳಕ್ಕೆ ಫೆಲ್ಟಿನ ಚೂರು ಅಂಟಿಸಿದರೆ ಪಕ್ಕದವರ ನಿದ್ದೆ ಕೆಡುವುದಿಲ್ಲ.

ಇಸ್ಪೀಟ್ ಎಲೆಯೂ ಆಗುತ್ತದೆ. ಗುಲಾಮ, ರಾಣಿ, ರಾಜ ತೆಗೆದರೆ ಉಳಿದ 40 ಎಲೆ ಹತ್ತು ಮುಖದ ದಾಳದ ಕೆಲಸ ಮಾಡುತ್ತವೆ, ಎಕ್ಕ ಅಂದರೆ 1. ಎಳೆದ ಎಲೆಯನ್ನು ಪ್ರತಿ ಸಲವೂ ಒಳಗೆ ಸೇರಿಸಿ ಕಲಸಿ, ಇಲ್ಲದಿದ್ದರೆ ಬಂದ ಸಂಖ್ಯೆ ಮತ್ತೆ ಬರುವ ಸಂಭವ ಇಳಿಯುತ್ತಾ ಹೋಗಿ ಮೇಲಿನ ಶೇಕಡಾ ಲೆಕ್ಕ ತಪ್ಪುತ್ತದೆ. ಮೊಬೈಲಿನ ದಾಳದ ಆ್ಯಪ್ ಲೆಕ್ಕಕ್ಕೆ ಸರಿ, ಆದರೆ ಎರಡನೆಯ ದಾಳಕ್ಕೆ ಮುಂಚೆ ಯಾರದೋ ಮೆಸೇಜ್ ಬಂದಿರುತ್ತದೆ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿ ಕಡೆ, ಫೆಲ್ಟ್ ಬೂಸ್ಟು ಹಿಡಿಯುತ್ತದೆ, ಕಾರ್ಡು ಸುರುಳಿಯಾಗುತ್ತದೆ. ಒದ್ದೆ ತಟ್ಟೆಯನ್ನು ಚೀಲದೊಳಗೆ ಮುಚ್ಚಿಡಬೇಡಿ. ಬಟನ್ ಬಿಡಿಸಿ ಒಂದು ರಾತ್ರಿ ಫ್ಯಾನಿನ ಕೆಳಗೆ ಹರಡಿ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಚೀಲಕ್ಕೆ ಹಾಕಿಡಿ. ಕ್ಲಿಪ್ಪುಗಳನ್ನೂ ನೋಡಿಕೊಳ್ಳಿ: ತುಕ್ಕು ಹಿಡಿದ ಕ್ಲಿಪ್ ಅಂಕದ ಮೇಲೇ ಕಲೆ ಬಿಡುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಬಣ್ಣದ ಕ್ಲಿಪ್ ಆದರೆ ಆ ತೊಂದರೆ ಇಲ್ಲ, ಮೊಮೆಂಟಮ್‌ಗೆ ಕೆಂಪು, ಬುತ್ತಿಗೆ ಹಸಿರು ಎಂದು ಗುರುತೂ ಸಿಗುತ್ತದೆ.