ತೊಟ್ಟಿ ಮನೆ ಬೆಳಕಿನ ಪೋರ್ಟ್‌ಫೋಲಿಯೊ: ಹಾಸನ ಬಿಡದೆ ಫ್ಯಾಶನ್ ಮೇಕಪ್‌ಗೆ ಇಳಿದ ನನ್ನ ಅನುಭವ

ಹಾಸನದಲ್ಲಿ ಮನೆ ಇಟ್ಟುಕೊಂಡು ಬೆಂಗಳೂರಿನ ಫ್ಯಾಶನ್ ಶೂಟ್‌ಗಳಿಗೆ ಮೇಕಪ್ ಮಾಡಲು ಆಗುತ್ತದಾ? ಆಗುತ್ತದೆ. ಈಗ ನನ್ನ ವರ್ಷದ ಸಂಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲುಕ್‌ಬುಕ್ (ಬ್ರ್ಯಾಂಡ್‌ನ ಹೊಸ ಉಡುಪುಗಳ ಫೋಟೊ ಪುಸ್ತಕ), ಸೀರೆ ಕ್ಯಾಟಲಾಗ್, ಒಡವೆ ಶೂಟ್‌ಗಳಿಂದಲೇ ಬರುತ್ತಿದೆ. ಹುಚ್ಚು ಬಿಡು ಅಂದಿದ್ದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಬೇಸ್ (ಮುಖಕ್ಕೆ ಮೊದಲು ಹಾಕುವ ಫೌಂಡೇಶನ್ ಪದರ) ಹಾಕೋದು, ಅಂಡರ್‌ಟೋನ್ (ಚರ್ಮದ ಒಳಬಣ್ಣ) ನೋಡೋದು ಗೊತ್ತಿರುವವರಿಗೆ ಇದು. ಅದನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ.

ಎಂಟು ವರ್ಷದ ಹತ್ತಿರ ನಾನು ಮದುವೆ ಮೇಕಪ್ ಒಂದೇ ಮಾಡಿದವಳು. ಅರಸೀಕೆರೆ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು, ಎಲ್ಲಾ ಕಡೆಯ ಕಲ್ಯಾಣ ಮಂಟಪಗಳಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಹೆಣ್ಣನ್ನು ಕೂರಿಸಿಕೊಂಡವಳು. ಮುಹೂರ್ತ, ರಿಸೆಪ್ಷನ್ ಎರಡೂ ಸೇರಿ ಆಗ ಎಂಟರಿಂದ ಹನ್ನೆರಡು ಸಾವಿರ ಸಿಗುತ್ತಿತ್ತು. ಆಷಾಢ ಬಂತೆಂದರೆ ಕೈ ಖಾಲಿ. ಪಿತೃಪಕ್ಷ ಖಾಲಿ, ಧನುರ್ಮಾಸ ಖಾಲಿ. ವರ್ಷದಲ್ಲಿ ಮೂರು ತಿಂಗಳು ಕಿಟ್ ಪೆಟ್ಟಿಗೆ ಮುಚ್ಚಿರುತ್ತಿತ್ತು, ಅಂಗಡಿ ಬಾಡಿಗೆ ಮಾತ್ರ ನಡೆಯುತ್ತಿತ್ತು. ಫ್ಯಾಶನ್ ಕಡೆ ನನ್ನನ್ನು ಎಳೆದದ್ದು ಹೆಸರಿನ ಆಸೆಗಿಂತ ಮೊದಲು ಈ ಲೆಕ್ಕ. ದಸರಾ, ದೀಪಾವಳಿಗೆ ಅಂಗಡಿಗೆ ಬರುವ ಬಟ್ಟೆಯ ಫೋಟೊ ತೆಗೆಯೋದು ಅದಕ್ಕೂ ಎರಡು ಮೂರು ತಿಂಗಳು ಮುಂಚೆ, ಅಂದರೆ ಸರಿಯಾಗಿ ಆಷಾಢ, ಶ್ರಾವಣದಲ್ಲಿ. ಮದುವೆ ಇಲ್ಲದ ದಿನಗಳೇ ಅವರ ಕೆಲಸದ ದಿನಗಳು. ಇಷ್ಟು ಸರಳ ವಿಷಯವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆ. ಬಳೆ ಅಡ ಇಟ್ಟು, ಸುಮಾರು ಒಂದೂಕಾಲು ಲಕ್ಷ ಕಟ್ಟಿ ಬೆಂಗಳೂರಿನ ಒಂದು ಅಕಾಡೆಮಿಯಲ್ಲಿ ಕೋರ್ಸ್ ಮುಗಿಸಿದೆ. ಕಿಟ್‌ಗೆ ಇನ್ನೊಂದು ಅರವತ್ತು ಎಪ್ಪತ್ತು ಸಾವಿರ ಹೋಯಿತು. ಕೊನೆಗೆ ಕೈಗೆ ಬಂದ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ನನ್ನ ಕೆಲಸ ತೋರಿಸುವ ಫೋಟೊಗಳ ಕಟ್ಟಿನಲ್ಲಿ, ಆರು ಲುಕ್ ಇದ್ದವು. ನಮ್ಮ ಬ್ಯಾಚಿನ ಎಲ್ಲರಿಗೂ ಅದೇ ಮಾಡೆಲ್, ಅದೇ ಬೂದು ಪರದೆ, ಅದೇ ಲೈಟು. ಮೇಲಿಂದ ರಿಟಚಿಂಗ್ ಎಷ್ಟು ಮಾಡಿದ್ದರು ಎಂದರೆ ಚರ್ಮದ ಒಂದು ರಂಧ್ರವೂ ಕಾಣುತ್ತಿರಲಿಲ್ಲ. ನಾನು ಮೇಕಪ್ ಮಾಡಿದ್ದೇನೋ ಕಂಪ್ಯೂಟರ್ ಮಾಡಿದ್ದೋ ನೋಡುವವನಿಗೆ ಹೇಗೆ ಗೊತ್ತಾಗಬೇಕು? ಅದನ್ನೇ ಮೂವತ್ತು ನಲವತ್ತು ಕಡೆ ಕಳಿಸಿದೆ. ಒಂದು ಉತ್ತರವೂ ಬರಲಿಲ್ಲ.

"ಬೆಂಗಳೂರಿಗೆ ಬಂದು ಪಿಜಿ ಹಿಡಿ, ಇಲ್ಲಾಂದ್ರೆ ಮದುವೆ ಮೇಕಪ್ಪೇ ಮಾಡ್ಕೊಂಡಿರು" ಅಂದರು ಕಲಿಸಿದ ಮೇಡಂ. ಸಿನಿಮಾದಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು, "ನೀನು ಹೇರ್‌ಗೆ ಬಾಮ್ಮ, ಮೇಕಪ್ ಗಂಡಸರ ಕೆಲಸ" ಅಂದರು. ಅವರ ಕಾಲದಲ್ಲಿ ಅದು ಬರೀ ಮಾತಾಗಿರಲಿಲ್ಲ. ಮುಂಬೈನ ಸಿನಿಮಾ ಮೇಕಪ್ ಸಂಘದಲ್ಲಿ ಹೆಂಗಸರಿಗೆ ಕೂದಲಿನ ಕೆಲಸದ ಸದಸ್ಯತ್ವ ಕಾರ್ಡ್ ಮಾತ್ರ ಸಿಗುತ್ತಿತ್ತು, ಮೇಕಪ್ ಕಾರ್ಡ್ ಕೊಡುತ್ತಿರಲಿಲ್ಲ. ಮೇಕಪ್ ಕಲಾವಿದೆ ಚಾರು ಖುರಾನಾ ಅವರು ಕೋರ್ಟಿಗೆ ಹೋದರು, 2014ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು. ಆ ಸುದ್ದಿಯ ಪ್ರಿಂಟ್ ನನ್ನ ಕಿಟ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಈಗಲೂ ಅಲ್ಲೇ ಇದೆ.

ಪಿಜಿ ಹಿಡಿಯುವ ಹಾಗಿರಲಿಲ್ಲ, ಮಗಳು ಆಗ ಎರಡನೇ ಕ್ಲಾಸು. ಹಾಗಾಗಿ ಬೇರೆ ಮೇಕಪ್ ಆರ್ಟಿಸ್ಟ್‌ಗಳಿಗೆ ಅಸಿಸ್ಟೆಂಟ್ ಆಗಿ ಹೋಗಿ ಬಂದು ಮಾಡಿದೆ. ಕಾಲ್ ಟೈಮ್, ಅಂದರೆ ಶೂಟ್‌ಗೆ ಹಾಜರಾಗಬೇಕಾದ ಹೊತ್ತು, ಬೆಳಿಗ್ಗೆ ಆರೂವರೆ, ಏಳು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ರೈಲು ಬಂದಿದ್ದು ನಿಜ, ಆದರೆ ಶೂಟ್‌ನ ಹೊತ್ತಿಗೂ ರೈಲಿನ ಹೊತ್ತಿಗೂ ಹೊಂದಲಿಲ್ಲ. ರಾತ್ರಿ ಒಂದೂವರೆ ಎರಡರ ಬಸ್ ಹತ್ತಿ, ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೊ ಹಿಡಿಯುತ್ತಿದ್ದೆ. ದಿನಕ್ಕೆ ಸಾವಿರ ರೂಪಾಯಿ ಕೊಡುತ್ತಿದ್ದರು, ಬಸ್, ಆಟೊ, ಊಟ ಕಳೆದರೆ ಇನ್ನೂರು ಉಳಿದರೆ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನ ಚಾರ್ಜು ನಿಂತಿತು. ನನ್ನಂಥವರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ ರಾತ್ರಿ ಬಸ್ಸಿನಲ್ಲಿ ಕಿಟ್ ತಬ್ಬಿಕೊಂಡು ಕೂತವರಿಗೇ ಗೊತ್ತು.

ಅಸಿಸ್ಟೆಂಟ್ ಕೆಲಸದಲ್ಲಿ ಕಲಿತದ್ದು ಒಂದೇ, ಆದರೆ ಅದೇ ಎಲ್ಲ. ಫ್ಯಾಶನ್‌ನಲ್ಲಿ ಕ್ಯಾಮೆರಾ ನೇರವಾಗಿ ಮಾನಿಟರ್‌ಗೆ ಜೋಡಿಸಿರುತ್ತಾರೆ. ಕ್ಲಿಕ್ ಆದ ಕೂಡಲೇ ಕೆನ್ನೆಯನ್ನು ಅಂಗೈ ಅಗಲ ಹಿಗ್ಗಿಸಿ ಹತ್ತು ಜನ ನೋಡುತ್ತಾರೆ. ಮಂಟಪದ ಹಳದಿ ದೀಪ, ವಿಡಿಯೊ ಲೈಟು, ಎದುರಿಂದಲೇ ಹೊಡೆಯುವ ಫ್ಲ್ಯಾಶ್ ಇವುಗಳಿಗೆ ನಿಲ್ಲಲಿ ಅಂತ ನಾವು ಹಾಕುವ ಬೇಸ್ ಆ ಪರದೆಯ ಮೇಲೆ ಗೋಡೆಗೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಅಲ್ಲಿ ಬೇಕಾದ್ದು ಚರ್ಮ. ಇಡೀ ಮುಖಕ್ಕೆ ಎರಡು ಹನಿ ಫೌಂಡೇಶನ್, ಕಲೆ ಇದ್ದಲ್ಲಿ ಮಾತ್ರ ಸಣ್ಣ ಬ್ರಶ್‌ನಲ್ಲಿ ಕನ್ಸೀಲರ್, ಪೌಡರ್ ಮೂಗಿನ ಪಕ್ಕಕ್ಕೆ ಮಾತ್ರ. ಅಕಾಡೆಮಿಯ ಫೋಟೊಗಳಿಗೆ ಯಾಕೆ ಉತ್ತರ ಬರಲಿಲ್ಲ ಅಂತ ಆಗ ಅರ್ಥವಾಯಿತು. ಚರ್ಮ ತೋರಿಸುವ ಫೋಟೊ ನನ್ನ ಹತ್ತಿರ ಒಂದೂ ಇರಲಿಲ್ಲ.

ಸ್ಟುಡಿಯೊ ಬಾಡಿಗೆಗೆ ದುಡ್ಡಿಲ್ಲ. ಆಲೂರು ಕಡೆ ದೊಡ್ಡಮ್ಮನ ಹಳೆಯ ತೊಟ್ಟಿ ಮನೆ ಇದೆ, ನಡುವೆ ಆಕಾಶಕ್ಕೆ ತೆರೆದ ಅಂಗಳ. ಒಂದು ಭಾನುವಾರ ಅಲ್ಲಿ ಪಡಸಾಲೆಯಲ್ಲಿ ಕೂತಿದ್ದ ಅತ್ತಿಗೆಯ ಮುಖ ನೋಡಿದೆ. ಮೇಲಿಂದ ಬಿದ್ದ ಆಕಾಶದ ಬೆಳಕು ಗೋಡೆಗೆ ತಾಗಿ ಮೆತ್ತಗೆ ಮುಖಕ್ಕೆ ಬರುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಸಾವಿರ ಬಾಡಿಗೆಯ ಸ್ಟುಡಿಯೊದಲ್ಲಿ ದೊಡ್ಡ ಸಾಫ್ಟ್‌ಬಾಕ್ಸ್ ಇಟ್ಟು ಮಾಡುವುದನ್ನು ನಮ್ಮ ಮುತ್ತಜ್ಜನ ಮನೆ ಸುಮ್ಮನೆ ಮಾಡುತ್ತಿತ್ತು. ಆದರೆ ಹುಡುಗಿಯನ್ನು ತೊಟ್ಟಿಯ ನಡುವೆ ಕೂರಿಸಬಾರದು. ಬೆಳಕು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಕೆಳಗೆ ಕಪ್ಪು ಗುಂಡಿ ಮಾಡುತ್ತದೆ. ಸೂರಿನ ಒಳಗೆ ಎರಡು ಮೂರು ಅಡಿ ಹಿಂದೆ, ತೊಟ್ಟಿಗೆ ಮುಖ ಮಾಡಿ ಕೂರಿಸಬೇಕು. ಇನ್ನೊಂದು ತೊಂದರೆ ನೆಲದ್ದು. ಕೆಂಪು ಗಾರೆ ನೆಲ ಗದ್ದದ ಕೆಳಗೆಲ್ಲ ಕೆಂಪು ಚೆಲ್ಲುತ್ತದೆ, ಶೇಡ್ ಸರಿ ಇದ್ದರೂ ಕತ್ತು ಇಟ್ಟಿಗೆ ಬಣ್ಣ ಕಾಣುತ್ತದೆ. ದೊಡ್ಡಪ್ಪನ ಎರಡು ಬಿಳಿ ಪಂಚೆ ಹಾಸಿದೆ. ಕೆಂಪು ಹೋಯಿತು, ಜೊತೆಗೆ ಕಣ್ಣಿನ ಕೆಳಗೂ ಬೆಳಕು ಬಂತು. ಒಂಬತ್ತರಿಂದ ಹನ್ನೊಂದರವರೆಗೆ ಚೆನ್ನ. ಮೋಡದ ದಿನವಾದರೆ ಇನ್ನೂ ಚೆನ್ನ, ಮಲೆನಾಡಿನ ಅಂಚಿನವರಾದ ನಮಗೆ ಮೋಡಕ್ಕೇನು ಬರ.

ಮಾಡೆಲ್‌ಗಳು ಎಲ್ಲಿಂದ? ಹಾಸನದ ಕಾಲೇಜು ಹುಡುಗಿಯರು, ಭಾನುವಾರ ರಜೆ ಇರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಒಬ್ಬರಿಗೆ ಮುನ್ನೂರು ರೂಪಾಯಿ, ಊಟ, ಅವರ ಫೋಟೊ ಅವರಿಗೆ. ಮದುವೆ ಫೋಟೊ ತೆಗೆಯುವ ಹುಡುಗನೊಬ್ಬ ಕೊಲಾಬ್‌ಗೆ, ಅಂದರೆ ಜೊತೆಗೂಡಿ ಮಾಡಲು, ಒಪ್ಪಿದ. "ಅಕ್ಕಾ, ಬರೀ ಮುಖ ತೆಗೆದು ಏನ್ ಮಾಡ್ತೀರಾ, ಲೊಕೇಶನ್‌ಗೆ ಹೋಗೋಣ" ಅಂತ ಅವನು ಗೊಣಗುತ್ತಲೇ ಇದ್ದ. ನಾನು ಬಿಡಲಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಫೋಟೊ: ತೊಳೆದ ಮುಖ, ಬೇಸ್ ಆದ ಮೇಲೆ, ಪೂರ್ತಿ ಲುಕ್, ಮತ್ತೆ ಕಣ್ಣು, ಕೆನ್ನೆಯ ಹತ್ತಿರದ ಒಂದು. ನಾಲ್ಕೂ ಒಂದೇ ಜಾಗ, ಒಂದೇ ಬೆಳಕು, ರಿಟಚಿಂಗ್ ಸೊನ್ನೆ. ಪ್ರತಿ ಮುಖದ ಕೆಳಗೆ ಎಷ್ಟು ನಿಮಿಷದಲ್ಲಿ ಮುಗಿಸಿದೆ ಅಂತ ಬರೆದೆ. ನನ್ನ ಪೋರ್ಟ್‌ಫೋಲಿಯೊ ಅಂದರೆ ಇಷ್ಟೇ.

ಬಂದ ಹುಡುಗಿಯರಲ್ಲಿ ಹೆಚ್ಚಿನವರು ಕಪ್ಪು, ಎಣ್ಣೆಗಪ್ಪು, ಗಾಢ ಗೋಧಿ ಬಣ್ಣದವರು. ಇಲ್ಲಿ ನನ್ನ ಜೇಬು ತುಂಬಾ ಸುಟ್ಟಿತು. ಅಂಗಡಿಯಲ್ಲಿ ಸಿಗುವ ಗಾಢ ಶೇಡ್‌ಗಳಲ್ಲಿ ಎಷ್ಟೋ ಅರ್ಧ ಗಂಟೆಯಲ್ಲಿ ಕಿತ್ತಳೆಗೆ ತಿರುಗುತ್ತವೆ, ತಿಳಿ ಶೇಡ್ ಹಾಕಿದರೆ ಮುಖ ಬೂದಿ. ಹತ್ತು ಹದಿನೈದು ಬಾಟಲಿ ಕೊಂಡು ಮೂಲೆಗೆ ಹಾಕಿದೆ. ಕೊನೆಗೆ ಉಳಿದದ್ದು ಕ್ರಯೋಲಾನ್ ಬ್ರ್ಯಾಂಡ್‌ನ ಎರಡು ಸ್ಟಿಕ್, ಒಂದು ದ್ರವ ಫೌಂಡೇಶನ್, ಶೇಡ್ ಬದಲಿಸಲು ಬೆರೆಸುವ ಒಂದು ನೀಲಿ ಮಿಕ್ಸರ್ ಹನಿ. ಕಿತ್ತಳೆಯನ್ನು ನೀಲಿ ತಗ್ಗಿಸುತ್ತದೆ ಅಂತ ನಿಮಗೂ ಗೊತ್ತು. ಎಷ್ಟಕ್ಕೆ ಎಷ್ಟು, ಯಾವುದರಲ್ಲಿ ಕರಗಿಸಬೇಕು ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ. ಬೇಸ್‌ಗೆ ಮೊದಲು ಹಚ್ಚುವ ಸಿಲಿಕೋನ್ ಪ್ರೈಮರ್ ಮೇಲೆ ನೀರಿನ ಫೌಂಡೇಶನ್ ಹಾಕಿ ಉರುಳೆ ಉರುಳೆ ಬಂತು ಅಂತ ಮಿಶ್ರಣವನ್ನು ದೂರಬೇಡಿ, ಇಷ್ಟು ಹೇಳಬಲ್ಲೆ.

ಫೋಟೊಗ್ರಾಫರ್ ಹುಡುಗನ ಸಮಾಧಾನಕ್ಕೆ ಹೊರಗಡೆಯೂ ಹೋದೆವು. ಬೇಲೂರು, ಹಳೇಬೀಡು ಪುರಾತತ್ವ ಇಲಾಖೆಯವು, ಅನುಮತಿ ಇಲ್ಲದೆ ಮಾಡೆಲ್ ಕರೆದುಕೊಂಡು ಹೋಗುವ ಜಾಗ ಅಲ್ಲ, ಆ ಆಸೆ ಬಿಟ್ಟೆವು. ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ ಹೋದರೆ ಹೇಮಾವತಿ ಹಿನ್ನೀರಿನ ಗಾಳಿಗೆ ಕೂದಲು ಲಿಪ್‌ಗ್ಲಾಸ್‌ಗೆ ಅಂಟಿತು, ಕಮಾನುಗಳ ಕೆಳಗೆಲ್ಲ ಪ್ರೀ ವೆಡ್ಡಿಂಗ್ ಜೋಡಿಗಳು. ಫೋಟೊದಲ್ಲಿ ಚರ್ಚು ಅದ್ಭುತವಾಗಿ ಬಂತು, ನನ್ನ ಕೆಲಸ ಕಾಣಲಿಲ್ಲ. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಪೌಡರ್ ಮೇಲೆ ಹನಿ ಕೂತು ಮುಖ ಚುಕ್ಕೆ ಚುಕ್ಕೆ ಆಯಿತು. ಮುಂದಿನ ಸಲ ಪೌಡರ್ ಮುಟ್ಟದೆ ಬರೀ ಕ್ರೀಮ್‌ನಲ್ಲಿ ಮಾಡಿದೆ, ಟಿಶ್ಯೂ ಒತ್ತಿದೆ, ನಿಂತಿತು. ಚಿಕ್ಕಮಗಳೂರಿನ ತೋಟಗಳಲ್ಲಿ ಶೂಟ್ ಇದ್ದರೆ ಈಗಲೂ ಅದೇ ಕ್ರಮ.

ಕಾಫಿ ಹೂವಿನದು ಬೇರೆಯೇ ಕಥೆ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ನಾಲ್ಕು ದಿನದೊಳಗೆ ಕೆಂಚಗಾಗುತ್ತದೆ, ಅಷ್ಟರಲ್ಲೇ ಹುಡುಗಿ, ಸೀರೆ, ಕ್ಯಾಮೆರಾ ಎಲ್ಲ ಸೇರಬೇಕು. ಮೇಕಪ್ ನಿಲ್ಲಲೆಂದು ಘಮದ ಸೆಟ್ಟಿಂಗ್ ಸ್ಪ್ರೇ ಹೊಡೆದ ಹುಡುಗಿಯ ಸುತ್ತ ಜೇನುಹುಳು ಮುತ್ತಿದವು. ಹೂವಿನ ಶೂಟ್‌ಗೆ ವಾಸನೆ ಇಲ್ಲದ ಸ್ಪ್ರೇ ತೆಗೆದುಕೊಂಡು ಹೋಗಿ. ಹರಳೆಣ್ಣೆ ದೀಪದ ಕಾಡಿಗೆಯನ್ನೂ ನನ್ನ ಕಣ್ಣಿಗೇ ಹಚ್ಚಿ ನೋಡಿದೆ. ಜೆಲ್ ಲೈನರ್‌ನ ಹೊಳಪಿಲ್ಲದ ಎಂಥ ಕಪ್ಪು ಅದು! ಆದರೆ ಕಾಲು ಗಂಟೆಗೆ ಹರಡುತ್ತದೆ, ಬೇರೆಯವರ ಕಣ್ಣಿಗೆ ಮನೆಯ ಕಾಡಿಗೆ ಹಚ್ಚುವುದು ಸರಿಯೂ ಅಲ್ಲ. ಅದನ್ನು ಬಿಟ್ಟೆ.

ಹತ್ತು ಪುಟದ ಪಿಡಿಎಫ್ ಮಾಡಿ ಕಳಿಸಿದೆ. ದೊಡ್ಡ ಬ್ರ್ಯಾಂಡ್‌ಗಳಿಗಲ್ಲ, ಹೊಸದಾಗಿ ಕೈಮಗ್ಗದ ಸೀರೆ ಮಾರುವವರಿಗೆ, ಡಿಸೈನ್ ಓದಿ ಹೊರಬಂದ ಹುಡುಗರಿಗೆ, ಫೋಟೊಗ್ರಾಫರ್‌ಗಳಿಗಿಂತ ಅವರ ಅಸಿಸ್ಟೆಂಟ್‌ಗಳಿಗೆ. ಯಾಕೆಂದರೆ ಕೊನೇ ಗಳಿಗೆಯಲ್ಲಿ ಆರ್ಟಿಸ್ಟ್ ಕೈಕೊಟ್ಟಾಗ ಫೋನ್ ಹುಡುಕುವವರು ಅವರೇ. ಅರವತ್ತು ಎಪ್ಪತ್ತು ಕಳಿಸಿರಬೇಕು. ಐದಾರು ಉತ್ತರ ಬಂದವು, ಒಂದರಿಂದ ಕೆಲಸ ಬಂತು: ಆಷಾಢದಲ್ಲಿ, ಸೀರೆಯ ಲುಕ್‌ಬುಕ್, ನಾಲ್ಕು ಸಾವಿರ, ಪ್ರಯಾಣ ನನ್ನದೇ. ಮಾಡೆಲ್ ಒಳ್ಳೆ ಗಾಢ ಬಣ್ಣದ ಹುಡುಗಿ. ಕೂತ ಕೂಡಲೇ, "ನನ್ನನ್ನು ಬೂದಿ ಮಾಡಬೇಡಿ, ಪ್ಲೀಸ್" ಅಂದಳು. ಮುಖ, ಕತ್ತು, ತೋಳು ಸೇರಿ ಮುಕ್ಕಾಲು ಗಂಟೆ ಒಳಗೆ ಮುಗಿಸಿದೆ. ಮಾನಿಟರ್ ಮೇಲೆ ಕೆನ್ನೆ ಹಿಗ್ಗಿಸಿ ನೋಡಿದ ಡಿಸೈನರ್, "ಇದಕ್ಕೆ ರಿಟಚಿಂಗ್ ಖರ್ಚೇ ಇಲ್ವಲ್ಲ" ಅಂದರು. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಹೆಸರು ಹೋಯಿತು. ಗಾಢ ಬಣ್ಣದ ಮಾಡೆಲ್ ಇದ್ದರೆ ಹಾಸನದವರನ್ನು ಕರೆಸಿ ಅನ್ನುತ್ತಾರೆ, ಅದನ್ನು ಕೇಳಿದಾಗ ನನಗೆ ಹೆಮ್ಮೆಯೇ.

ಇನ್ನು ಸ್ವಚ್ಛತೆ. ಅನುಭವ ಇರುವ ಮಾಡೆಲ್ ಮೊದಲು ನೋಡೋದು ನಿಮ್ಮ ಬ್ರಶ್. ಎಪ್ಪತ್ತು ಪರ್ಸೆಂಟ್ ಆಲ್ಕೋಹಾಲ್ ಇಟ್ಟುಕೊಳ್ಳಿ. ತೊಂಬತ್ತೊಂಬತ್ತರದ್ದು ಬೇಗ ಆರಿಹೋಗುತ್ತದೆ, ಕ್ರಿಮಿ ಸಾಯಲು ಸಮಯವೇ ಸಿಗುವುದಿಲ್ಲ. ಮಸ್ಕಾರಾ ಕಡ್ಡಿ ಒಬ್ಬರಿಗೆ ಒಂದು. ಲಿಪ್‌ಸ್ಟಿಕ್ ಪ್ಯಾಲೆಟ್‌ಗೆ ಕೆರೆದುಕೊಂಡೇ ಹಚ್ಚಿ.

ದುಡ್ಡಿನ ವಿಷಯದಲ್ಲಿ ಮದುವೆಯವರು ದೇವರಂಥವರು, ತಾಳಿ ಕಟ್ಟಿದ ದಿನವೇ ಲೆಕ್ಕ ಮುಗಿಸುತ್ತಾರೆ. ಫ್ಯಾಶನ್‌ನಲ್ಲಿ ನಲವತ್ತೈದು ದಿನ ಅಂದರೆ ತೊಂಬತ್ತು. ಒಡವೆ ಶೂಟ್ ಒಂದರ ಇಪ್ಪತ್ತು ಇಪ್ಪತ್ತೆರಡು ಸಾವಿರ ಇಂದಿಗೂ ಬಂದಿಲ್ಲ. ಅದಾದ ಮೇಲೆ ಅರ್ಧ ಮುಂಗಡ ಬರದೆ ಬಸ್ ಹತ್ತುವುದಿಲ್ಲ. ಈಗ ದಿನಕ್ಕೆ ಹದಿನೈದು ಸಾವಿರ, ಒಡವೆ ಕ್ಲೋಸಪ್ ಇದ್ದರೆ ಹದಿನೆಂಟು, ಬೆಂಗಳೂರಿನ ಓಡಾಟ, ರಾತ್ರಿ ಉಳಿಯೋದು ಬೇರೆ, ಹತ್ತು ಗಂಟೆ ದಾಟಿದರೆ ಗಂಟೆಗೆ ಸಾವಿರ. ಇದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆಸಿಕೊಂಡು "ಓಕೆ" ಬಂದ ಮೇಲೆಯೇ ದಿನ ಕೊಡುತ್ತೇನೆ. ಅಕಾಡೆಮಿಯ ಸಾಲ ಹೋದ ವರ್ಷದ ಶ್ರಾವಣದಲ್ಲಿ ತೀರಿತು, ಬಳೆ ಬಿಡಿಸಿಕೊಂಡೆ.

ಬರುವ ಆಷಾಢಕ್ಕೆ ಮೂರು ಕ್ಯಾಟಲಾಗ್ ಮಾತಾಗಿದೆ, ಒಬ್ಬಳೇ ಸುಧಾರಿಸಲು ಆಗುವುದಿಲ್ಲ. ಗಾರ್ಮೆಂಟ್ಸ್‌ನಿಂದ ಭಾನುವಾರ ಬರುತ್ತಿದ್ದ ಹುಡುಗಿಯೊಬ್ಬಳು ಕೈ ಚೆನ್ನಾಗಿ ಪಳಗಿಸಿಕೊಂಡಿದ್ದಾಳೆ, ಅವಳನ್ನೇ ಅಸಿಸ್ಟೆಂಟ್ ಮಾಡಿಕೊಳ್ಳುತ್ತಿದ್ದೇನೆ. ದಿನಕ್ಕೆ ಎರಡು ಸಾವಿರ, ಊಟ ನನ್ನದು, ಶೂಟ್ ಮುಗಿದ ಸಂಜೆಯೇ ಕೈಗೆ.