ಕರೆಂಟ್ ಕೊಡಿಸ್ಕೊಳ್ಳೋರ ಚರ್ಮ ನೋಡ್ಕೊಳ್ಳೋದು

ಕ್ಯಾನ್ಸರಿಗೆ ಕೊಡೋ ರೇಡಿಯೇಶನ್ನಿಗೆ ನಮ್ಮ ಕಡೆ ‘ಕರೆಂಟ್ ಕೊಡೋದು’ ಅಂತಾರಲ್ಲ, ಅದಕ್ಕೇ ಏನೋ, ಸುಡೋದಾದ್ರೆ ಮೊದಲ್ನೇ ದಿನವೇ ಸುಡ್ತದೆ ಅಂತ ಎಲ್ಲರೂ ಹೆದರ್ತಾರೆ. ನನ್ನ ತಂಗಿಗೆ ಎದೆಗೆ 25 ಸಲ ಕೊಟ್ರು, ವಾರಕ್ಕೆ 5 ದಿನ, ಒಟ್ಟು 5 ವಾರ. ಶಿರಸಿಯಿಂದ ದಿನಾ ಹೋಗಿಬರೋದು ಆಗೋ ಮಾತಲ್ಲ ಅಂತ ಹುಬ್ಬಳ್ಳಿಯಲ್ಲಿ ರೂಮ್ ಮಾಡ್ಕೊಂಡು ನಾನೇ ಜೊತೆಗಿದ್ದೆ. ಮೊದಲ ಎರಡು ವಾರ ಸ್ವಲ್ಪ ತುರಿಕೆ ಬಿಟ್ರೆ ಏನಿಲ್ಲ, ಮೂರನೇ ವಾರ ಕಂಕುಳಲ್ಲಿ ಶುರುವಾಯ್ತು. ಚರ್ಮದ ಅಡಿ ಪದರದಲ್ಲಿ ಹೊಸ ಚರ್ಮ ಹುಟ್ತಾ ಇರ್ತದಲ್ಲ, ಕಿರಣದ ಪೆಟ್ಟು ಬೀಳೋದು ಅದಕ್ಕೆ, ಮೇಲಿನದು ಸವೆದು ಹೋಗೋ ಹೊತ್ತಿಗೆ ಕೆಳಗಿಂದ ಸಾಕಷ್ಟು ಬಂದಿರೋದಿಲ್ಲ, ಹಾಗಾಗಿ ತಡವಾಗಿ ಕಾಣ್ತದೆ.

ನಾನು ಮಾಡಿದ ಎಡವಟ್ಟು ಮೊದಲೇ ಹೇಳಿಬಿಡ್ತೇನೆ. ಮುರುಗಲ ತುಪ್ಪದ, ಅಂದ್ರೆ ಕೋಕಂ ಬೀಜದ ಜಿಡ್ಡಿನ, ಉಂಡೆ ನನ್ನ ಚೀಲದಲ್ಲಿ ಯಾವಾಗ್ಲೂ ಇರ್ತದೆ, ಒಡೆದ ಹಿಮ್ಮಡಿಗೆ ಅದರಷ್ಟು ಒಳ್ಳೇದು ಬೇರೆ ಇಲ್ಲ. ಎರಡನೇ ವಾರ ತಂಗಿ ತುರಿಕೆ ಅಂದಿದ್ದೇ ತಡ, ಕರಗಿಸಿ ದಪ್ಪಗೆ ಸವರಿಬಿಟ್ಟೆ. ಮಾರನೇ ದಿನ ನೋಡಿದ್ರೆ ಕಿರಣ ಎಲ್ಲಿ ಬೀಳಬೇಕು ಅಂತ ಗುರುತಿಗೆ ಎದೆ ಮೇಲೆ ಪೆನ್ನಿನಲ್ಲಿ ಹಾಕಿದ್ದ ಗೆರೆ ಅರ್ಧಕ್ಕರ್ಧ ಅಳಿಸಿಹೋಗಿದೆ. ಆ ಮಶಿನ್ ಹುಡುಗ ಬೈಯಲಿಲ್ಲ ಪಾಪ, ಆದ್ರೆ ಅವನು ಮತ್ತೆ ಅಳತೆ ಹಿಡಿದು ಗೆರೆ ಹಾಕೋ ತನಕ ತಂಗಿ ತಣ್ಣನೆ ಟೇಬಲ್ ಮೇಲೆ ಕೈ ಎತ್ತಿಕೊಂಡೇ ಮಲಗಿದ್ಲು. ಗೆರೆ ಅಳಿಸಿದ್ರೆ ನೀವೇ ಪೆನ್ ತಗೊಂಡು ತಿದ್ದೋಕೂ ಹೋಗಬೇಡಿ ಮತ್ತೆ.

ಸ್ನಾನದ ವಿಷಯ. ಆ ಜಾಗಕ್ಕೆ ನೀರೇ ತಾಗಿಸಬಾರದು ಅಂತ ಕೆಲವರು ವಾರಗಟ್ಟಲೆ ತೊಳೆಯೋದಿಲ್ಲ, ಅದು ತಪ್ಪು, ಬೆವರು ಕೂತು ಇನ್ನಷ್ಟು ಕೆಡ್ತದೆ, ಕುಮಟಾ ಕಾರವಾರದ ಸೆಕೆಯಲ್ಲಂತೂ ಕೇಳೋದೇ ಬೇಡ. ಆದ್ರೆ ನಮ್ಮ ಬಚ್ಚಲ ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗೆ ಸಾಕು, ಪರಿಮಳ ಇಲ್ಲದ ಮೆತ್ತನೆ ಸೋಪು, ಅದನ್ನೂ ಬರೀ ಕೈಯಲ್ಲಿ. ಸೀಗೆಪುಡಿ, ಕಡ್ಲೆಹಿಟ್ಟು, ಮೈ ಉಜ್ಜೋ ನಾರು ಇವೆಲ್ಲ ಅತ್ತ ಇರಲಿ. ಆಮೇಲೆ ಒರೆಸಬಾರದು, ಒತ್ತಬೇಕು. ನಾನು ಭಾವನ ಹಳೇ ಪಂಚೆ ನಾಲ್ಕು ತುಂಡು ಹರಿದಿಟ್ಕೊಂಡಿದ್ದೆ, ತೊಳೆದೂ ತೊಳೆದೂ ಹೂವಿನ ಹಾಗೆ ಆಗಿರ್ತದಲ್ಲ ಅಂಥದ್ದು, ಕಂಕುಳಲ್ಲಿ, ಎದೆ ಕೆಳಗಿನ ಮಡಿಕೆಯಲ್ಲಿ ಇಟ್ಟು ನೀರು ಹೀರೋ ತನಕ ಸುಮ್ನೆ ಹಿಡ್ಕೊಳ್ಳೋದು. ಚರ್ಮಕ್ಕೆ ಚರ್ಮ ತಾಗಿ ಒದ್ದೆ ನಿಲ್ಲೋ ಕಡೆಯೇ ಮೊದಲು ಕಿತ್ತುಬರೋದು.

ಬಿಗಿ ರವಿಕೆ, ತಂತಿ ಇರೋ ಬ್ರಾ ಎರಡನ್ನೂ ತೆಗೆದಿಡಿ, ತಂಗಿ ಎರಡು ತಿಂಗಳು ಗಂಡಸರ ಕಾಟನ್ ಬನೀನು ಹಾಕ್ಕೊಂಡೇ ಕಳೆದ್ಲು, ಮೇಲೊಂದು ಶಾಲು. ಎಲೆಅಡಿಕೆ ಕವಳ ಹಾಕಿ ಹಾಕಿ ಬಾಯಿ ಕ್ಯಾನ್ಸರ್ ಆಗಿ ಕುತ್ತಿಗೆಗೆ ಕರೆಂಟ್ ಕೊಡಿಸ್ಕೊಳ್ಳೋ ಗಂಡಸರು ಕಾಲರ್ ಶರ್ಟ್ ಬಿಡಬೇಕು, ಬ್ಲೇಡಿನಲ್ಲಿ ಗಡ್ಡ ಹೆರೀಬಾರದು, ಕವಳ ಬೀಡಿಯಂತೂ ಬಿಡಲೇಬೇಕು. ಹೆಂಗಸರು ಕರಿಮಣಿ ತಿಕ್ಕೋ ಜಾಗ ನೋಡ್ಕೊಳ್ಳಿ. ಕಾರಲ್ಲಿ ಹೋಗೋದಾದ್ರೆ ಸೀಟ್ ಬೆಲ್ಟಿನ ಅಡಿಗೆ ಮೆತ್ತನೆ ಬಟ್ಟೆ ಇಡಿ. ಬ್ಯಾಂಡೇಜ್ ಟೇಪ್ ಆ ಜಾಗಕ್ಕೆ ಅಂಟಿಸಲೇಬೇಡಿ, ಕೀಳುವಾಗ ಚರ್ಮವೂ ಬರ್ತದೆ.

ಬಂದವರೆಲ್ಲ ಒಂದೊಂದು ಔಷಧಿ ಹೇಳ್ತಾರೆ, ಅರಿಶಿನ, ಪೌಡರ್, ಐಸ್. ಲೋಳೆಸರ ಎಲ್ಲರ ಬಾಯಲ್ಲೂ ಇದೆ, ಪರೀಕ್ಷೆ ಮಾಡಿ ನೋಡಿದವರಿಗೆ ಹೇಳಿಕೊಳ್ಳೋ ಅಂಥ ಪ್ರಯೋಜನ ಸಿಕ್ಕಿಲ್ಲ. ಎದೆ ಕ್ಯಾನ್ಸರಿನವರಿಗೆ ಮೊಮೆಟಾಸೋನ್ ಅನ್ನೋ ಸ್ಟಿರಾಯ್ಡ್ ಕ್ರೀಮ್ ಮೊದಲಿಂದಲೇ ತೆಳ್ಳಗೆ ಹಚ್ಚಿದ್ರೆ ಉರಿ ಕಡಿಮೆ ಆಗ್ತದೆ, ಆದ್ರೆ ಅದನ್ನ ಡಾಕ್ಟ್ರು ಬರೆದುಕೊಡಬೇಕು, ಮೆಡಿಕಲ್ ಶಾಪಿಂದ ನೀವೇ ತರೋದಲ್ಲ.

ಇನ್ನೊಂದು, ನಮ್ಮ ಬಣ್ಣದ ಮೈಗೆ ಕೆಂಪು ಸರಿಯಾಗಿ ಕಾಣೋದೇ ಇಲ್ಲ, ಕಪ್ಪಾಗ್ತದೆ, ಹಾಗಾಗಿ ಅಂಗೈ ಹಿಂಬದಿ ಇಟ್ಟು ಬಿಸಿ ಇದೆಯಾ ಅಂತ ನೋಡಿ. ಕಾಲರ್ ಎಲುಬಿನ ಹತ್ತಿರ ಕೊಟ್ಟಿದ್ರೆ ಬೆನ್ನು ಕಡೆ ಹೆಗಲೂ ನೋಡಿ, ಕಿರಣ ಆ ಕಡೆಯಿಂದ ಹೊರಗೆ ಹೋಗ್ತದೆ, ನಾವು ಅಲ್ಲಿ ನೋಡಿದ್ದು ತುಂಬ ತಡವಾಗಿ. ನೀರು ಒಸರಿದ್ರೆ, ವಾಸನೆ ಬಂದ್ರೆ, ಜ್ವರ ಬಂದ್ರೆ ಆವತ್ತೇ ಫೋನ್ ಮಾಡಿ.

ಕೊನೇ ದಿನ ಮುಗೀತು ಅಂತ ಖುಷಿಯಲ್ಲಿ ಊರಿಗೆ ಬಂದ್ವಿ, ನಿಜವಾದ ಉರಿ ಎದ್ದಿದ್ದೇ ಆಮೇಲೆ, ಒಂದೆರಡು ವಾರ. ಅದು ಹಾಗೇ ಅಂತ ಮೊದಲೇ ಗೊತ್ತಿದ್ರೆ ಅಷ್ಟು ಗಾಬರಿ ಆಗ್ತಿರಲಿಲ್ಲ. ತಿಂಗಳೊಳಗೆ ಒಣಗಿ ಸಿಪ್ಪೆ ಬಿದ್ದು ಸುಮಾರು ಸರಿಯಾಯ್ತು. ಬಿಸಿಲು ಮಾತ್ರ ಆ ಜಾಗಕ್ಕೆ ಈಗಲೂ ಆಗೋದಿಲ್ಲ, ಅಂಗಳದಲ್ಲಿ ಅಡಿಕೆ ಹರವೋಕೆ ಹೋಗುವಾಗ ಸೆರಗು ಕುತ್ತಿಗೆ ತನಕ ಎಳ್ಕೊಂಡೇ ಹೋಗ್ತಾಳೆ.